ಡನ್‌ಬ್ರಾಕಿಯ ರಾಕ್ಷಸನ ಹೆಜ್ಜೆ

ಬೂಟುಗಳನ್ನು ಬಾಗಿಲ ಹೊರಗೆ ಇಟ್ಟಿದ್ದೇ ತಪ್ಪಾಯಿತು. ಸಿಂಗಪುರದ ಯಿಶುನ್‌ನ ಆ ಬ್ಲಾಕಿನಲ್ಲಿ ಎಲ್ಲರ ಚಪ್ಪಲಿ ಸ್ಟ್ಯಾಂಡೂ ಕಾರಿಡಾರಿನಲ್ಲೇ ಇರುತ್ತದೆ. ಬದರಿನಾಥನ ಮನೆಯ ಸ್ಟ್ಯಾಂಡಿನಲ್ಲಿ, ಹವಾಯಿ ಚಪ್ಪಲಿಗಳ ನಡುವೆ ಗಂಡಿನ ಕಡೆಯ ಬೀಗರ ಹಾಗೆ ಗತ್ತಿನಿಂದ ಕೂತಿದ್ದ ಆ ದಪ್ಪ ಕಂದು ಬೂಟುಗಳನ್ನು ಕಂಡವರೆಲ್ಲ ನಿಂತು ವಿಚಾರಿಸುತ್ತಿದ್ದರು. "ನಮ್ಮನೆಯವರು ಸ್ಕಾಟ್ಲೆಂಡ್‌ನಲ್ಲಿ ಬೆಟ್ಟ ಹತ್ತಿದ ಶೂ" ಎಂದು ಅವನ ಹೆಂಡತಿ ಮೀರಾ ಎಲ್ಲರಿಗೂ ಹೇಳುತ್ತಿದ್ದಳು.

ಬೆಟ್ಟ ಇದ್ದದ್ದು ನಿಜ. ಸ್ಕಾಟ್ಲೆಂಡ್ ಇದ್ದದ್ದೂ ನಿಜ. ಹತ್ತಿದ್ದು ಮಾತ್ರ ಶುದ್ಧ ಸುಳ್ಳು.

ಕಂಪನಿ ಅವನನ್ನು ಎರಡು ವಾರದ ಟ್ರೈನಿಂಗಿಗೆ ಡನ್‌ಬ್ರಾಕಿ ಎಂಬ ಪುಟ್ಟ ಊರಿಗೆ ಕಳಿಸಿತ್ತು. ಬೆಟ್ಟ, ಕೋಟೆ, ಸರೋವರ ಎಂದರೆ ಪ್ರಾಣ ಬಿಡುವ ಮೀರಾಗೆ ರಜೆ ಸಿಗಲಿಲ್ಲ. ಅವಳು ಸೇಲ್‌ನಲ್ಲಿ ಅಂದಾಜಿನ ಮೇಲೆ ಆ ಬೂಟು ತಂದು ಪೆಟ್ಟಿಗೆಗೆ ತುರುಕಿ, ಚಾಂಗಿ ಏರ್‌ಪೋರ್ಟಿನಲ್ಲಿ ಗಂಡನ ಕೈ ಹಿಡಿದುಕೊಂಡು, "ನನ್ನ ಪಾಲಿಂದೂ ನೀವೇ ನೋಡ್ಕೊಂಡ್ ಬನ್ನಿ" ಎಂದಿದ್ದಳು. ಹಾಗೆನ್ನುವಾಗ ಅವಳ ಕಣ್ಣು ತುಂಬಿತ್ತು. ಬದರಿನಾಥ ದೇವರಾಣೆ ಎಂದಿದ್ದ.

ಡನ್‌ಬ್ರಾಕಿಯಲ್ಲಿ ಮೊದಲ ದಿನವೇ ಗಾಳಿ ಅವನ ಸಿಂಗಪುರದ ಕೊಡೆಯನ್ನು ಗೇಟಿನ ಬಳಿ ಕಿತ್ತುಕೊಂಡು ಹೋಯಿತು. ಆಮೇಲೆ ಫ್ಯಾಕ್ಟರಿಯ ವ್ಯಾನು ಹತ್ತುವುದಕ್ಕೆ ಬಿಟ್ಟರೆ ಅವನು ಗೆಸ್ಟ್ ಹೌಸಿನ ಹೊಸಿಲು ದಾಟಲಿಲ್ಲ. ಹೀಟರಿನ ಮುಂದೆ ಅವಲಕ್ಕಿ ಮೆಲ್ಲುತ್ತ ಟೀವಿಯಲ್ಲಿ ಸ್ನೂಕರ್ ನೋಡಿದ. ಊಟದ ಕೋಣೆಯ ಗೋಡೆಯ ಮೇಲೆ ಊರಿನ ಚಿತ್ರಪಟವೊಂದಿತ್ತು. ಬೆಟ್ಟದ ಮೇಲೆ ಪಾಳು ಕೋಟೆ, ಕೆಳಗೆ ಸರೋವರ, ಪಕ್ಕದಲ್ಲಿ ಜಲಪಾತ, ವೃತ್ತಾಕಾರದಲ್ಲಿ ನಿಂತ ಪುರಾತನ ಕಲ್ಲುಗಳು. ರಾತ್ರಿ ಮೀರಾಗೆ ಫೋನ್ ಮಾಡಿದಾಗ ಅದನ್ನೇ ನೋಡಿಕೊಂಡು ವರ್ಣಿಸಿದ. ಚಿತ್ರದಲ್ಲಿದ್ದದ್ದು ಮುಗಿದ ಮೇಲೂ ಅವಳು "ಆಮೇಲೆ?" ಎನ್ನುತ್ತಿದ್ದಳು. ಅವನೋ ಮೈಸೂರಿನ ಹುಡುಗ. ಕೋಟೆ ಎಂದ ಮೇಲೆ ಅದರಲ್ಲೊಂದು ಸುರಂಗ ಇರಲೇಬೇಕು, ಬಂಡೆ ಎಂದ ಮೇಲೆ ಭೀಮನ ಹೆಜ್ಜೆ ಇರಲೇಬೇಕು ಎಂಬುದು ಶಾಲಾ ಪ್ರವಾಸಗಳಿಂದ ಅವನ ತಲೆಯಲ್ಲಿ ಅಚ್ಚೊತ್ತಿತ್ತು. ಭೀಮನನ್ನು ರಾಕ್ಷಸ ಮಾಡಿದ, ಅಷ್ಟೇ ಬದಲಾವಣೆ. ಫೋಟೋ ಎಲ್ಲಿ ಎಂದರೆ, ಮಳೆಯಲ್ಲಿ ಕ್ಯಾಮೆರಾ ಹಾಳಾಯಿತು ಎಂದ.

ಸಿಂಗಪುರಕ್ಕೆ ಮರಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಪದ್ಮನಾಭನ ಫೋನ್ ಬಂತು. ಪಕ್ಕದ ಬ್ಲಾಕಿನ ಉಡುಪಿಯವನು, ಪಾಯಾ ಲೆಬಾರ್‌ನಲ್ಲಿ ಕೆಲಸ, ಊರವರ ಸಮಸ್ತ ವಿಷಯಗಳಲ್ಲೂ ಆಸಕ್ತ.

"ಬದರಿ, ಇವತ್ತು ಲಂಚಿಗೆ ನಿಮ್ಮಲ್ಲಿಗೆ ಬರ್ತೇವೆ. ಮೀರಾ ಹತ್ರ ನಿನ್ನೆಯೇ ಕೇಳಿ ಆಗಿದೆ. ಒಬ್ರು ಗೆಸ್ಟ್ ಇದ್ದಾರೆ. ನಮ್ಮ ಆಫೀಸಿನ ಹೊಸ ಮ್ಯಾನೇಜರ್, ಮೆಕ್‌ಫೀ ಅಂತ. ಅವರು ಹುಟ್ಟಿದ್ದು ಎಲ್ಲಿ, ಹೇಳು ನೋಡುವ?"

"ಎಲ್ಲಿ?"

"ಡನ್‌ಬ್ರಾಕಿ ಮಾರಾಯ! ನೀನು ಅಲ್ಲಿ ಒಂದು ಕಲ್ಲೂ ಬಿಡದೆ ಸುತ್ತಿದ್ದೀಯ ಅಂತ ಹೇಳಿದ್ದೇನೆ. ಮುಖ ಒಂಥರಾ ಆಯ್ತು ಅವರಿಗೆ. ಪಾಪ, ಊರಿನ ನೆನಪು!"

ಬದರಿನಾಥನ ಕೈಯಿಂದ ರಿಸೀವರು ಜಾರಿ ವಯರಿನಲ್ಲಿ ನೇತಾಡಿತು. ಊರಿನವನೇ ಎದುರು ಕೂತರೆ ಸುರಂಗದ ಗತಿಯೇನು? ಸುರಂಗ ಹೋದರೆ ಹೋಗಲಿ, ಮೀರಾಳ ಪಾಲಿನ ಸ್ಕಾಟ್ಲೆಂಡನ್ನೂ ಹೀಟರಿನ ಮುಂದೆ ಕೂತು ಅವಲಕ್ಕಿಯ ಜೊತೆ ತಿಂದುಹಾಕಿದ್ದು ಗೊತ್ತಾದರೆ ಅವಳ ಮುಖ ನೋಡುವುದು ಹೇಗೆ?

ಮೀರಾ ಹೊರಗೆ ಚಪ್ಪಲಿ ಸ್ಟ್ಯಾಂಡು ಒರೆಸಿ ಒಳಗೆ ಬಂದಳು. ಯಾಕೋ ಮಾತು ಕಡಿಮೆಯಾಗಿತ್ತು.

"ಮೀರಾ, ಅರ್ಜೆಂಟ್ ಆಫೀಸಿಗೆ ಹೋಗ್ಬೇಕು. ಪೇಜರ್‌ಗೆ ಮೆಸೇಜ್ ಬಂತು."

"ಪೇಜರ್ ಫ್ರಿಜ್ ಮೇಲಿದೆ. ಬ್ಯಾಟರಿ ಮೊನ್ನೆಯೇ ಡೆಡ್ ಆಗಿದೆ."

"ಹಾಗಾದ್ರೆ ಹೊಟ್ಟೆನೋವು."

"ಮಲ್ಕೊಳ್ಳಿ. ಅವರನ್ನ ಬೆಡ್‌ರೂಮಿಗೇ ಕರ್ಕೊಂಡು ಬರ್ತೀನಿ" ಎಂದು ಮೀರಾ ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕಲು ಹೋದಳು.

ಮೆಕ್‌ಫೀ ಕೆಂಪು ಮುಖದ, ಐವತ್ತು ದಾಟಿದ ಭಾರೀ ಆಸಾಮಿ. ಬೂಟು ಬಿಚ್ಚಿ ಒಳಗೆ ಬಂದವನು ಬದರಿನಾಥನ ಕೈಯನ್ನು ಹಿಂಡುವ ಬದಲು ಹಗುರವಾಗಿ ಮುಟ್ಟಿ ಬಿಟ್ಟ. ಆ ಕೈ ಒದ್ದೆಯಾಗಿತ್ತು. ಸಿಂಗಪುರದ ಸೆಕೆ ಎಂದುಕೊಂಡ ಬದರಿನಾಥ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಅದರ ತಿರುಳನ್ನು ಕನ್ನಡದಲ್ಲಿ ಹೇಳಿದರೆ ಸಾಕು.

ಮೊದಲ ತುತ್ತಿಗೇ ಪದ್ಮನಾಭ ಶುರು ಮಾಡಿದ. "ಬದರಿ, ಆ ಕೋಟೆಯ ಸುರಂಗದ ವಿಷಯ ಹೇಳು ಇವರಿಗೆ."

ಮೆಕ್‌ಫೀಯ ಚಮಚ ಅರ್ಧದಾರಿಯಲ್ಲಿ ನಿಂತಿತು.

"ಸುರಂಗ" ಎಂದ ಮೆಕ್‌ಫೀ ನಿಧಾನವಾಗಿ. ಎಲ್ಲರ ಮುಖ ನೋಡಿದ. "ಹೌದು. ಆ ಸುರಂಗ. ಬಹಳ ಹಳೆಯದು."

ಬದರಿನಾಥ ಬೆಚ್ಚಿಬಿದ್ದ. ಸಿಕ್ಕಿಬಿದ್ದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. ಬಿಸಿಲಿನ ನಾಡಿನಿಂದ ತಾನು ಹೊತ್ತುಕೊಂಡು ಹೋಗಿ ತೋಡಿದ ಸುರಂಗ ಅಲ್ಲಿ ಮೊದಲೇ ಇತ್ತೇ?

"ಸರೋವರದ ದಡದಲ್ಲಿ ಹೊರಬೀಳುತ್ತೆ, ಅಲ್ಲವೇ?" ಎಂದ ಪರೀಕ್ಷಿಸಲು.

"ಅಲ್ಲೇ. ಮತ್ತೆಲ್ಲಿ!"

"ಆ ರಾಕ್ಷಸನ ಹೆಜ್ಜೆ?" ಎಂದಳು ಪದ್ಮನಾಭನ ಹೆಂಡತಿ ಅರುಂಧತಿ. "ಬಂಡೆ ಮೇಲೆ ಇದೆಯಂತಲ್ಲ. ಅದರಲ್ಲಿ ನೀರು ಬತ್ತೋದೇ ಇಲ್ಲವಂತೆ."

"ಬತ್ತುವುದೇ ಇಲ್ಲ. ನಮ್ಮ ಅಜ್ಜಿ ಆ ನೀರನ್ನು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದಳು" ಎಂದ ಮೆಕ್‌ಫೀ.

ಅರುಂಧತಿ ಭಕ್ತಿಯಿಂದ ಕೈ ಮುಗಿಯುವುದೊಂದು ಬಾಕಿ. ಬದರಿನಾಥನಿಗೆ ಧೈರ್ಯ ಹುಟ್ಟಿತು. ಆ ನಿಂತ ಕಲ್ಲುಗಳು ಮುನಿಯೊಬ್ಬನನ್ನು ಗೇಲಿ ಮಾಡಿ ಶಾಪಗ್ರಸ್ತರಾದ ಏಳು ಹುಡುಗಿಯರು ಎಂದ. ಮುನಿ ಎಂದದ್ದನ್ನು ತಕ್ಷಣ ಪಾದ್ರಿ ಎಂದು ತಿದ್ದಿದ.

"ಎಂಟು ಹುಡುಗಿಯರು" ಎಂದ ಮೆಕ್‌ಫೀ ಗಂಭೀರವಾಗಿ. "ಒಂದು ಕಲ್ಲು ಬಿದ್ದುಹೋಗಿದೆ."

ಅಷ್ಟು ಹೊತ್ತೂ ಸುಮ್ಮನೆ ಬಡಿಸುತ್ತಿದ್ದ ಮೀರಾ ಕೇಳಿದಳು. "ಬೆಟ್ಟದ ದಾರಿಯಲ್ಲಿ ಕೆಸರು ಜಾಸ್ತಿನಾ?"

"ಮೊಣಕಾಲುದ್ದ!" ಎಂದ ಮೆಕ್‌ಫೀ.

"ಮೊಣಕಾಲುದ್ದ" ಎಂದ ಬದರಿನಾಥ ಉತ್ಸಾಹದಿಂದ.

"ಓಹೋ" ಎಂದು ಮೀರಾ ಅವನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದಳು.

ಊಟವಾದ ಮೇಲೆ ಮೆಕ್‌ಫೀ ಸಿಗರೇಟಿನ ನೆಪ ಹೇಳಿ ಬದರಿನಾಥನನ್ನು ಕೆಳಗೆ, ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್‌ಗೆ ಎಳೆದುಕೊಂಡು ಹೋದ. ಅತ್ತ ಇತ್ತ ನೋಡಿ ತೋಳು ಹಿಡಿದು ಪಿಸುಗುಟ್ಟಿದ.

"ಒಂದು ವಿಷಯ ನಿಜ ಹೇಳು. ಅಲ್ಲಿ ಸುರಂಗ ಇದೆಯಾ?"

ಬದರಿನಾಥ ತೋಳು ಬಿಡಿಸಿಕೊಂಡ. "ಊರು ನಿನ್ನದಲ್ಲವೇ?"

"ಹುಟ್ಟಿ ಬೆಳೆದದ್ದು ಅಲ್ಲೇ. ಬೆಟ್ಟ ಒಂದು ಸಲವೂ ಹತ್ತಿಲ್ಲ. ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು, ನಾಳೆ ಹೋದರಾಯಿತು ಅನ್ನುತ್ತಿದ್ದೆವು. ನಾಳೆ ಮಳೆ ಬರುತ್ತಿತ್ತು. ಆದರೆ ಆಫೀಸಿನಲ್ಲಿ ನನ್ನ ಊರಿನ ಬಗ್ಗೆ ಬಾಯಿಗೆ ಬಂದದ್ದು ಹೇಳಿ ದೊಡ್ಡ ಹೆಸರು ಮಾಡಿದ್ದೇನೆ. ಎಲ್ಲ ಕಣ್ಣಾರೆ ನೋಡಿ ಬಂದ ಮನುಷ್ಯ ಇದ್ದಾನೆ ಎಂದಾಗ ರಾತ್ರಿಯೆಲ್ಲ ನಿದ್ದೆಯಿಲ್ಲ. ಅದಕ್ಕೇ ನೀನು ಹೇಳಿದ್ದಕ್ಕೆಲ್ಲ ಹೌದು ಎಂದೆ."

"ಹಾಗಾದರೆ ನಿನ್ನ ಅಜ್ಜಿಯ ಕಣ್ಣು?"

"ಅಜ್ಜಿ ಗ್ಲಾಸ್ಗೋ ಬಿಟ್ಟು ಹೊರಗೆ ಕಾಲಿಟ್ಟವಳೇ ಅಲ್ಲ."

ಬದರಿನಾಥ ತನ್ನ ಹೀಟರಿನ ಕತೆ ಹೇಳಿದ. ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕುಸಿದು ಕೂತು ನಕ್ಕರು. ಬದುಕಿದೆವು ಎಂದು ಕೈ ಕುಲುಕಿದರು. ಈಗ ಮೆಕ್‌ಫೀ ಕೈ ಹಿಂಡಿದ್ದು ಬದರಿನಾಥನ ಮೂಳೆಗೆ ಗೊತ್ತಾಯಿತು.

ಮೇಲೆ ಬಂದರೆ ಪದ್ಮನಾಭ ಬಾಗಿಲಲ್ಲೇ ಎರಡೂ ಕೈ ಚಾಚಿ ನಿಂತಿದ್ದ. "ಎಲ್ಲ ಫಿಕ್ಸ್ ಆಯ್ತು! ಜೂನ್ ಹಾಲಿಡೇಸಿಗೆ ನಾವೆಲ್ಲ ಡನ್‌ಬ್ರಾಕಿ. ಗ್ರೂಪ್ ಟೂರ್. ಗೈಡ್ ನೀವಿಬ್ಬರೇ. ಬಾಸ್, ನೀವು ಆ ವಾರ ಊರಲ್ಲೇ ಇರ್ತೇನೆ ಅಂತ ಆಫೀಸಲ್ಲಿ ಹೇಳಿದ್ರಲ್ಲ? ಸುರಂಗಕ್ಕೆ ಬದರಿ ಮುಂದೆ, ಬಾಸ್ ಹಿಂದೆ!"

ಮೆಕ್‌ಫೀಯ ಕೆಂಪು ಮುಖ ಸುಣ್ಣ ಬಳಿದ ಹಾಗಾಯಿತು.

"ಯಾ... ಯಾರ ಐಡಿಯಾ ಇದು?" ಎಂದ ಬದರಿನಾಥ.

"ನಂದೇ" ಎಂದಳು ಮೀರಾ.

ನೆಂಟರು ಹೋದ ಮೇಲೆ ಅವಳು ಹೊರಗಿನಿಂದ ಬೂಟುಗಳನ್ನು ತಂದು ಟೀಪಾಯಿಯ ಮೇಲೆ ತಲೆಕೆಳಗಾಗಿ ಇಟ್ಟಳು. ಅಟ್ಟೆಗೆ ಅಂಗಡಿಯ ಹಳದಿ ಸ್ಟಿಕ್ಕರ್ ಅಂಟಿಸಿದ ಹಾಗೇ ಇತ್ತು. ಒಂದು ಮೂಲೆಯೂ ಎದ್ದಿರಲಿಲ್ಲ.

"ಮೊಣಕಾಲುದ್ದ ಕೆಸರು ಅಂದ್ರಲ್ಲ ರೀ?"

ಬದರಿನಾಥ ಸೋಫಾದಲ್ಲಿ ಕೂತ. "ಯಾವಾಗ ನೋಡ್ದೆ?"

"ಬೆಳಿಗ್ಗೆ, ಸ್ಟ್ಯಾಂಡ್ ಒರೆಸುವಾಗ."

"ಮತ್ತೆ ಅವರ ಮುಂದೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ನೀವು ಫೋನಲ್ಲಿ ಹೇಳ್ತಿದ್ರೆ ನಾನು ಕಣ್ಣು ಮುಚ್ಕೊಂಡು ಕೇಳ್ತಿದ್ದೆ ರೀ. ಎಲ್ಲಾ ನೋಡಿದ್ದೀನಿ ಅನ್ನೋ ಹಾಗೆ." ಅವಳು ಬೂಟುಗಳನ್ನು ಅವನತ್ತ ತಳ್ಳಿದಳು. "ಈಗ ನಿಜವಾಗಿ ನೋಡ್ತೀನಿ. ಸುರಂಗ ಇಲ್ದಿದ್ರೆ ಪದ್ಮನಾಭ ಅವರಿಗೆ ನೀವೇ ಉತ್ತರ ಕೊಡಿ. ಹಾಕ್ಕೊಳ್ಳಿ ಶೂ. ಇವತ್ತಿಂದ್ಲೇ ಪ್ರಾಕ್ಟೀಸ್. ಲಿಫ್ಟ್ ಬೇಡ, ಮೆಟ್ಟಿಲು."

ಬದರಿನಾಥ ತೆಪ್ಪಗೆ ಬೂಟಿಗೆ ಕಾಲು ತೂರಿಸಿದ. ಹೋಗಲಿಲ್ಲ. ಒದ್ದ, ಎಳೆದ, ಹಿಮ್ಮಡಿಗೆ ಚಮಚ ಕೊಟ್ಟ. ಬೂಟು ಒಂದು ಸೈಜು ಚಿಕ್ಕದಾಗಿತ್ತು. ಡನ್‌ಬ್ರಾಕಿಯಲ್ಲಿ ಅವನು ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ.

ಮೀರಾ ಎರಡೂ ಬೂಟುಗಳನ್ನು ಅವನ ಕೈಯಿಂದ ತೆಗೆದುಕೊಂಡಳು. ಗಂಡನ ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಬೂಟು ತೊಟ್ಟು, ಹಾಲಿನಲ್ಲಿ ಧಡ್ ಧಡ್ ಎಂದು ಎರಡು ಸುತ್ತು ಹೊಡೆದಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದ್ದವು.

"ಬೆಟ್ಟ ನಾನು ಹತ್ತೀನಿ" ಎಂದಳು. "ನೀವು ಹವಾಯಿ ಚಪ್ಪಲೀಲಿ ಕೆಳಗೇ ಸುರಂಗ ಹುಡುಕ್ತಿರಿ."