ಮೊದಲನೇ ನಂಬರಿನ ಮೇಲೊಂದು ಅರ್ಜಿ

ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಹಲ್ಲುಗಳು ಕಡಿಮೆಯಾಗಿ ಅಭಿಪ್ರಾಯಗಳು ಹೆಚ್ಚಾಗುತ್ತವೆ. ನನಗೀಗ ಅರವತ್ತೆಂಟು. ಎಡಗಡೆ ಜಗಿಯಲು ಬರುವುದಿಲ್ಲ, ಆದರೆ ಅಭಿಪ್ರಾಯ ಹೇಳಲು ಯಾವ ಕಡೆಯೂ ತೊಂದರೆಯಿಲ್ಲ. ಅವುಗಳಲ್ಲಿ ಬಹಳಷ್ಟು ನಿರುಪದ್ರವಿಗಳು. ಚಹಾಕ್ಕೆ ಸಕ್ಕರೆ ಎಷ್ಟಿರಬೇಕು, ರೊಟ್ಟಿ ಎಷ್ಟು ತೆಳ್ಳಗಿರಬೇಕು, ಮಂದಿ ಬಸ್ಸಿನಲ್ಲಿ ಕಾಲು ಎಲ್ಲಿ ಇಡಬೇಕು, ಇಂಥವು. ಕೇಳುವವರು ತಲೆಯಾಡಿಸುತ್ತಾರೆ, ನನಗೂ ಹಗುರಾಗುತ್ತದೆ. ಆದರೆ ಈಗಿನ ಜನಪ್ರಿಯ ಹಾಡುಗಳ ಬಗ್ಗೆ ನನಗಿರುವ ಅಭಿಪ್ರಾಯ ಮಾತ್ರ ಬಾಯಲ್ಲಿ ನಿಲ್ಲದೆ ಕಾಗದಕ್ಕೆ ಇಳಿಯಿತು. ಅದರಿಂದ ಆದದ್ದನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ಕಾಗದ ನನ್ನ ಕಸುಬು. ಗಡಿಯಾಚೆಯ ತೆಲುಗು ಸೀಮೆಗೆ ಸೇರಿದ ನಾರಾಯಣಪೇಟೆಯ ತಹಶೀಲ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ನಲವತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಯೋಚಿಸುತ್ತೇನೆ, ತೆಲುಗಿನಲ್ಲಿ ಬರೆಯುತ್ತೇನೆ, ಅಧಿಕಾರಿಗೆ ನಾಟಬೇಕಾದ ಕಡೆ ನಿಜಾಮರ ಕಾಲದ ಒಂದು ಉರ್ದು ಶಬ್ದ ಇಡುತ್ತೇನೆ. ಸೋಮವಾರ ಸಂಜೆ ಮಾತ್ರ ಮೇಜು ಬೇಗ ಎತ್ತಿಡುತ್ತೇನೆ. ಅಂದು ಮಠದಲ್ಲಿ ನಮ್ಮ ಮಂಡಳಿಯ ಭಜನೆ. ಹಾರ್ಮೋನಿಯಂ ನನ್ನದು, ತಬಲಾ ಚಂದ್ರಣ್ಣನದು. ಊರಲ್ಲಿ ನಮ್ಮ ಪೈಕಿ ಯಾರಾದರೂ ತೀರಿಹೋದರೂ ನಮಗೆ ಕರೆ ಬರುತ್ತದೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸಿ, ಹೂವು ಕಟ್ಟಿದ ವಿಮಾನದಲ್ಲಿ ಹೊತ್ತೊಯ್ಯುತ್ತೇವೆ. ಮುಂದೆ ಭಜನೆಯಿಲ್ಲದೆ ವಿಮಾನ ಏಳುವುದಿಲ್ಲ. ಹಾಗಾಗಿ ನಾರಾಯಣಪೇಟೆಯ ಎಷ್ಟೋ ಜನ ಈ ಲೋಕದಲ್ಲಿ ಕೊನೆಗೆ ಕೇಳಿದ್ದು ನನ್ನ ದನಿಯನ್ನು. ಯಾರೂ ತಕರಾರು ಮಾಡಿಲ್ಲ.

ಇಂಥ ಗಂಭೀರ ಮನುಷ್ಯನ ಫೋನಿನಲ್ಲಿ ಹಾಡಿನ ಪಟ್ಟಿ ಸೇರಿಸಿದವಳು ಮಕ್ತಲದಲ್ಲಿರುವ ನನ್ನ ಅಕ್ಕ ನೀಲಮ್ಮನ ಸೊಸೆ ಸುಜಾತಾ. "ಮಾವಾರ, ಇದರಾಗ ವಾರ ವಾರ ಯಾವ ಹಾಡು ಮುಂದ ಐತಿ, ಯಾವುದು ಹಿಂದ ಐತಿ ಅಂತ ತೋರಸ್ತದರಿ" ಎಂದು ಹೇಳಿ ಒತ್ತಿಕೊಟ್ಟಳು. ನೋಡಿದೆ. ಒಂದರಿಂದ ಐವತ್ತರ ತನಕ ಹಾಡುಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಮೇಲೇರಿದ್ದಕ್ಕೊಂದು ಬಾಣ, ಕೆಳಗಿಳಿದಿದ್ದಕ್ಕೊಂದು ಬಾಣ. ನಮ್ಮೂರ ಕಾಳಿನ ಪೇಟೆಯಾದ ಗಂಜಿನಲ್ಲಿ ತೊಗರಿಯ ದರವನ್ನು ಹೀಗೆಯೇ ಬರೆದು ಹಾಕುತ್ತಾರೆ. ಹಾಡನ್ನು ತೊಗರಿಯ ಹಾಗೆ ಅಳೆಯುವ ಕಾಲ ಬಂತಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಕಸಿವಿಸಿಯಾದರೂ ಪ್ರತಿ ಶುಕ್ರವಾರ ಯಾವುದು ಏರಿತು ಯಾವುದು ಇಳಿಯಿತು ಎಂದು ನೋಡುವುದನ್ನು ಬಿಡಲಿಲ್ಲ. ಬೈಯಬೇಕಾದರೆ ವಿಷಯ ಗೊತ್ತಿರಬೇಕಲ್ಲ.

ನನ್ನ ಅಭಿಪ್ರಾಯಗಳು ಹೀಗಿದ್ದವು. ಮೊದಲ ಹತ್ತರಲ್ಲಿರುವ ಹಾಡುಗಳಿಗೆಲ್ಲ ಒಂದೇ ಡೋಲು. ಹಾಡುವವನು ಕೊಡದೊಳಗೆ ತಲೆಯಿಟ್ಟು ಹಾಡುತ್ತಾನೆ. ನಾವು ಚಕ್ಕಂಬಕ್ಕಳ ಹಾಕಿ ಸರಿಯಾಗಿ ಕೂರುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಒಂದೇ ಮಾತನ್ನು ಇಪ್ಪತ್ತು ಸಲ ಹೇಳುತ್ತಾರೆ. ಈ ಕೊನೆಯ ಮಾತನ್ನು ಮಠದಲ್ಲಿ ಹೇಳಿದಾಗ ಚಂದ್ರಣ್ಣ, "ನಾವು ಒಂದ ಮಾತು ನಲವತ್ತು ಸಲ ಹೇಳ್ತೀವಲ್ಲೋ ಶರಣಪ್ಪ" ಎಂದ. ಅದು ಬೇರೆ ಎಂದೆ. ಹೇಗೆ ಬೇರೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇನ್ನೊಂದು ಸತ್ಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಯಾವ ಹಾಡನ್ನೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕೇಳಿರಲಿಲ್ಲ. ಅಭಿಪ್ರಾಯಕ್ಕೆ ಅಷ್ಟು ಸಾಕಾಗುತ್ತಿತ್ತು.

ಒಂದು ಶುಕ್ರವಾರ ಹೊಸ ಹಾಡೊಂದು ನೇರವಾಗಿ ಮೊದಲನೇ ನಂಬರಿಗೆ ಬಂದು ಕುಳಿತಿತು. ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ದೊಡ್ಡದಾಗಿ ಹಚ್ಚಿದ್ದರು. ಕೈಯಲ್ಲಿ ಚಹಾ ಇದ್ದುದರಿಂದ ಎದ್ದು ಹೋಗಲಾಗಲಿಲ್ಲ, ಹೀಗಾಗಿ ಅರ್ಧ ನಿಮಿಷ ದಾಟಿತು. ಡೋಲಿನ ನಡುವೆಯೇ ಪಲ್ಲವಿ ಎತ್ತಿಕೊಂಡಿತು ನೋಡಿ, ಲೋಟ ಕೆಳಗಿಟ್ಟು ಕಿವಿ ಕೊಟ್ಟೆ. ಪದಗಳು ಡೋಲಿನ ಕೆಳಗೆ ಹೂತುಹೋಗಿದ್ದವು. ಆದರೆ ಧಾಟಿ ನಮ್ಮದು. ಐವತ್ತು ವರ್ಷದಿಂದ ನಾನು ಹಾಡುತ್ತಿರುವ ನಮ್ಮ ಮನೆಯ ಭಜನೆಯ ಧಾಟಿ.

ಆ ಭಜನೆಯನ್ನು ನನಗೆ ಕಲಿಸಿದವಳು ಅಕ್ಕ. ಆಗ ಅವಳಿಗೆ ಹದಿನೆಂಟು, ನನಗೆ ಹತ್ತು.

ಮುಂಬಾಗಿಲಿಗೆ ಅಗುಳಿ ಬಿದ್ದೈತಿ
ಹಿತ್ತಲ ಬಾಗಿಲಲಿ ಬಾ ಗುರುವೇ
ಮನೆಯ ಮಂದಿ ಮಲಗ್ಯಾರ
ಪಾದುಕಿ ಕೈಯಾಗ ಹಿಡಿದು ಬಾ ಗುರುವೇ

ನಮ್ಮ ಅಪ್ಪನಿಗೆ ಇದು ಪ್ರಾಣ. ಅಪ್ಪ ಬಹಳ ಕಟ್ಟುನಿಟ್ಟಿನ ಮನುಷ್ಯ. ಮನೆಯಲ್ಲಿ ಸಿನಿಮಾದ ಹೆಸರೆತ್ತಿದರೆ ಎದುರಿಗಿದ್ದವರು ಬಾಯಿ ಮುಕ್ಕಳಿಸಿ ಬರಬೇಕಿತ್ತು. ದಿನಾ ಸಂಜೆ ಲಿಂಗಪೂಜೆ ಮುಗಿಸಿ, "ನೀಲಾ, ಆ ಪದ ಅನ್ನು" ಎನ್ನುತ್ತಿದ್ದ. "ಇದು ಹಿರೀಕರ ಪದ. ನಮ್ಮ ಮುತ್ಯಾ ಹಾಡತಿದ್ದ, ನಾ ಸಣ್ಣಾಂವಿದ್ದಾಗ ಕೇಳೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಪ್ಪ ಹೋದಾಗ ವಿಮಾನದ ಮುಂದೆ ನಾನು ಹಾಡಿದ್ದೂ ಇದನ್ನೇ. ಅಂದಿನಿಂದ ಇದು ಮಂಡಳಿಯ ಮುಖ್ಯ ಪದವಾಯಿತು. ನಾನು ಇದರ ಗೂಢಾರ್ಥವನ್ನೂ ಹೇಳುತ್ತಾ ಬಂದಿದ್ದೇನೆ. ಮುಂಬಾಗಿಲು ಎಂದರೆ ಇಂದ್ರಿಯಗಳು. ಹಿತ್ತಲ ಬಾಗಿಲು ಅಂತರಂಗದ ದಾರಿ. ಮಲಗಿದ ಮಂದಿ ಎಂದರೆ ಅರಿಷಡ್ವರ್ಗ. ಗುರು ತನ್ನ ಪಾದುಕೆಯನ್ನು ತಾನೇ ಯಾಕೆ ಕೈಯಲ್ಲಿ ಹಿಡಿದುಕೊಂಡು ಬರಬೇಕು ಎಂದು ಒಮ್ಮೆ ಒಬ್ಬ ಹೆಣ್ಣುಮಗಳು ಕೇಳಿದ್ದಳು. ಅಹಂಕಾರ ಕಳಚಿದ್ದರ ಸಂಕೇತ ಎಂದಿದ್ದೆ. ಆಕೆ ಕೈ ಮುಗಿದು ಕುಳಿತಳು.

ಇಂಥ ಪದವನ್ನು ಕದ್ದು ಕುಣಿತಕ್ಕೆ ಹಚ್ಚಿದ್ದಾರೆ ಎಂದರೆ ಸುಮ್ಮನಿರಲು ಹೇಗೆ ಸಾಧ್ಯ? ಅಂದೇ ಅರ್ಜಿ ಬರೆದೆ. ಯಾರಿಗೆ ಎಂಬುದು ಗೊತ್ತಿರಲಿಲ್ಲ. "ಸಂಬಂಧಪಟ್ಟ ಮಾನ್ಯ ಅಧಿಕಾರಿಗಳ ಸನ್ನಿಧಿಗೆ" ಎಂದು ಶುರು ಮಾಡಿದೆ, ಉಳಿದದ್ದು ತಾನಾಗಿ ಹರಿಯಿತು. ನಲವತ್ತು ವರ್ಷದಲ್ಲಿ ನಾನು ಬರೆದ ಅರ್ಜಿಗಳಲ್ಲಿ ಅದೇ ಉತ್ತಮ. ಮೂರು ಹಾಳೆ. "ತಲೆತಲಾಂತರದಿಂದ" ಎಂಬ ಮಾತು ನಾಲ್ಕು ಕಡೆ ಬಂದಿತ್ತು. ಮಠದಲ್ಲಿ ಓದಿದಾಗ ಎಲ್ಲರೂ ಗಂಭೀರರಾದರು. ಚಂದ್ರಣ್ಣನೇ ಮೊದಲ ಸಹಿ ಹಾಕಿದ. ಬರುವ ಸೋಮವಾರ ಭಕ್ತರೆಲ್ಲರ ಮುಂದೆ ಓದಿ ಕಳಿಸುವುದು ಎಂದು ತೀರ್ಮಾನವಾಯಿತು. ಒಂದೇ ಸಹಿ ಬಾಕಿ. ಪದ ಕಲಿಸಿದವಳದು.

ಭಾನುವಾರ ಮಕ್ತಲಕ್ಕೆ ಹೋದೆ. ಅಕ್ಕ ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಿನಿಂದ ಮಂಚ ಬಿಟ್ಟು ಏಳುವುದಿಲ್ಲ. ಮಂಚದ ಎದುರಿನ ಗೋಡೆಯಲ್ಲಿ ಅಪ್ಪನ ಫೋಟೋ ಇದೆ. ಹಣೆಗೆ ವಿಭೂತಿ, ಕಣ್ಣಲ್ಲಿ ಅದೇ ಕಟ್ಟುನಿಟ್ಟು. ನಾನು ಬೆವರು ಒರೆಸಿಕೊಳ್ಳುತ್ತಾ ಅರ್ಜಿ ಕೊಟ್ಟೆ. ಅಕ್ಕ ಕನ್ನಡಕ ಏರಿಸಿಕೊಂಡು ಮೂರೂ ಹಾಳೆ ನಿಧಾನವಾಗಿ ಓದಿದಳು. ಓದಿ ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಳು.

"ನಾ ಸಹಿ ಮಾಡಂಗಿಲ್ಲ ತಮ್ಮಾ."

"ಯಾಕ? ನಮ್ಮ ಹಿರೀಕರ ಪದ ಕದ್ದಾರವಾ ಅವರು."

"ಅವರು ಕದ್ದಿಲ್ಲೋ" ಎಂದಳು ಅಕ್ಕ. "ಕದ್ದಾಕಿ ನಾನು."

ಹದಿನೇಳನೇ ವಯಸ್ಸಿನಲ್ಲಿ ಅಕ್ಕ ಎರಡು ತಿಂಗಳು ಗದ್ವಾಲದ ಸೋದರಮಾವನ ಮನೆಯಲ್ಲಿದ್ದದ್ದು ನನಗೂ ನೆನಪಿತ್ತು. ಅತ್ತೆಯ ಬಾಣಂತನಕ್ಕೆ ಕರೆಸಿಕೊಂಡಿದ್ದರು. ನೆನಪಿಲ್ಲದ್ದು ಏನೆಂದರೆ ಆ ಮನೆಯಲ್ಲಿ ರೇಡಿಯೋ ಇತ್ತು. ವಾರಕ್ಕೊಂದು ಸಂಜೆ ಅದರಲ್ಲಿ ಸಿನಿಮಾ ಹಾಡುಗಳನ್ನು ಸರದಿ ಹಚ್ಚಿ, ಈ ವಾರ ಯಾವುದು ಮುಂದೆ ಎಂದು ಹೇಳುತ್ತಿದ್ದರಂತೆ. ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಲುಗಾಡದೆ ಕೇಳುತ್ತಿದ್ದಳು. ಅಲ್ಲಿದ್ದಷ್ಟು ವಾರವೂ ಒಂದೇ ತೆಲುಗು ಹಾಡು ಮೊದಲನೇ ನಂಬರಿನಲ್ಲಿತ್ತು.

"ಊರಿಗೆ ಬಂದೆ. ಆ ಹಾಡು ಬಾಯಿಗೆ ಬರ್ತಿತ್ತು, ಅಪ್ಪನ್ನ ನೋಡಿ ನುಂಗತಿದ್ದೆ. ಎಷ್ಟು ದಿನ ನುಂಗಲಿ? ಒಂದಿನ ಜ್ವಾಳ ಬೀಸುಕೋತ ಕನ್ನಡ ಮಾಡಿದೆ. ಬಾಳ ಬದಲಾಯಿಸಾಕ ನನಗೂ ಬರಲಿಲ್ಲ. ಅಬ್ಬಾಯಿ ಅಂತಿತ್ತು, ಅಲ್ಲಿ ಗುರುವೇ ಅಂತ ಹಾಕಿದೆ. ಚಪ್ಪಲಿ ಇದ್ದಲ್ಲಿ ಪಾದುಕಿ ಅಂದೆ. ಅಷ್ಟ."

ಅಬ್ಬಾಯಿ ಎಂದರೆ ತೆಲುಗಿನಲ್ಲಿ ಹುಡುಗ. ನನಗೆ ನನ್ನ ಗೂಢಾರ್ಥಗಳೆಲ್ಲ ಒಂದೊಂದಾಗಿ ನೆನಪಾದವು. ಮನೆಯ ಮಂದಿಯನ್ನೆಲ್ಲ ಮಲಗಿಸಿ, ಮುಂಬಾಗಿಲಿಗೆ ಅಗುಳಿ ಹಾಕಿ, ಹಿತ್ತಲಲ್ಲಿ ಕಾದು ನಿಂತ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಅರಿಷಡ್ವರ್ಗವೆಂದು ನಾನು ಬಯ್ದದ್ದು ಅವಳ ತಂದೆತಾಯಿಯನ್ನು.

"ಅಪ್ಪ ನಮ್ಮ ಮುತ್ಯಾ ಹಾಡತಿದ್ದ ಅಂದಾನಲ್ಲವಾ!" ಎಂದೆ.

"ಅಂದ. ನನಗ ನಗಿ ತಡಕೊಳ್ಳಾಕ ಆಗಲಿಲ್ಲ, ಒಲಿ ಊದಾಕ ಹೋದೆ."

ಅಡುಗೆಮನೆಯಿಂದ ಸುಜಾತಾ ಚಹಾ ತಂದಳು. "ಆ ಹೊಸ ಹಾಡಿನ ಕೆಳಗ ಹಳೇ ಹಾಡಿನ ಧಾಟಿ ಅಂತ ಬರದಾರ್ರಿ ಮಾವಾರ. ನೀವು ಓದಿಲ್ಲೇನು?" ಎಂದಳು. ನಾನು ಓದಿರಲಿಲ್ಲ. ಮೂರು ಹಾಳೆ ಬರೆಯುವವನಿಗೆ ಒಂದು ಸಾಲು ಓದುವ ವ್ಯವಧಾನ ಎಲ್ಲಿಂದ ಬರಬೇಕು? ಅತ್ತೆ ಸೊಸೆ ಇಬ್ಬರೂ ಮಧ್ಯಾಹ್ನ ಕೂತು ಆ ಹಳೆಯ ಹಾಡನ್ನು ಫೋನಿನಲ್ಲಿ ಕೇಳುವುದು ಆರು ತಿಂಗಳಿಂದ ನಡೆದಿತ್ತು. ಇಬ್ಬರೂ ನನಗೆ ಹೇಳಿರಲಿಲ್ಲ. ನನಗೆ ಸಿಟ್ಟು ಬಂತು.

"ನನಗರೆ ಹೇಳಬಾರದಿತ್ತಾ ಅಕ್ಕಾ? ಐವತ್ತು ವರ್ಷ ಕಣ್ಣು ಮುಚ್ಚಿ ಹಾಡೀನಿ. ಹೆಣದ ಮುಂದ ಹಾಡೀನಿ."

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಹೇಳಬೇಕಂತ ಮಾಡಿದ್ದೆ. ಅಪ್ಪ ಹ್ವಾದ. ಅಪ್ಪನ್ನ ಹೊತ್ತಾಗ ನೀ ಅದನ್ನ ಹಾಡಿಕೋತ ಅತ್ತಿ. ನಿನ್ನ ನೋಡಿ ನಾನೂ ಅತ್ತೆ. ಅದರ ಮ್ಯಾಲ ಹೆಂಗ ಹೇಳಲಿ?"

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅಂದು ಅತ್ತದ್ದು ನಿಜ. ಆ ಅಳು ಸುಳ್ಳಾಗಿರಲಿಲ್ಲ. ಚಹಾ ಆರುತ್ತಿತ್ತು, ನಾನು ಕುಡಿಯಲಿಲ್ಲ.

"ಒಂದು ಕೆಲಸ ಮಾಡು" ಎಂದಳು ಅಕ್ಕ. "ಅಪ್ಪನ ಫೋಟೋ ಆ ಕಡೆ ತಿರುಗಿಸು."

ಎದ್ದು ಹೋಗಿ ಫೋಟೋವನ್ನು ಗೋಡೆಯ ಕಡೆ ತಿರುಗಿಸಿದೆ. ಸುಜಾತಾ ಫೋನ್ ತರಲು ಹೋದಾಗ ಅಕ್ಕ ಬೇಡವೆಂದು ಕೈಯಾಡಿಸಿದಳು. ಗಂಟಲು ಸರಿಮಾಡಿಕೊಂಡು, ಎಪ್ಪತ್ತಾರನೇ ವಯಸ್ಸಿನಲ್ಲಿ, ಮೊದಲ ಸಲ ಬಾಯಿಬಿಟ್ಟು ಆ ಹಾಡನ್ನು ಅದರ ಸ್ವಂತ ಪದಗಳಲ್ಲಿ ಹಾಡಿದಳು. ದನಿ ಎರಡು ಕಡೆ ಒಡೆಯಿತು. ಅಬ್ಬಾಯಿ ಎನ್ನುವಾಗ ಮಾತ್ರ ಒಡೆಯಲಿಲ್ಲ. ಅಷ್ಟು ಚೆನ್ನಾಗಿ ಆ ಧಾಟಿಯನ್ನು ನಾನು ಎಂದೂ ಹಾಡಿಲ್ಲ. ಯಾಕೆಂದರೆ ನಾನು ಯಾವ ಗುರುವಿಗೂ ಅಷ್ಟು ಆಸೆಯಿಂದ ಕಾದವನಲ್ಲ. ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕುಳಿತೆ.

ಮುಗಿಸಿದ ಮೇಲೆ ಅಕ್ಕ ನೀರು ಕುಡಿದು, ಮಾಮೂಲಿ ದನಿಯಲ್ಲಿ, "ನನ್ನ ಹೊರೋವಾಗ ಹಿಂಗ ಹಾಡು. ಗುರುವೇ ಗಿರುವೇ ಅನಬ್ಯಾಡ" ಎಂದಳು.

"ಮಂದಿ ಏನಂತಾರವಾ?"

"ಅನ್ನಲಿ. ನಾ ಕೇಳಾಕ ಇರತೀನೇನು?"

ವಿಚಾರ ಮಾಡಿ ಹೇಳುತ್ತೇನೆ ಎಂದೆ. ಕಚೇರಿಯ ಮುಂದೆ ನಲವತ್ತು ವರ್ಷ ಕುಳಿತವನ ಬಾಯಲ್ಲಿ ಬೇರೆ ಉತ್ತರ ಬರುವುದಿಲ್ಲ. ಅಕ್ಕ ನನ್ನ ಮುಖ ನೋಡಿ ಕಣ್ಣು ಮುಚ್ಚಿ ಮಲಗಿದಳು. ಆಗ ಬಹಳ ನಾಚಿಕೆಯಾಯಿತು. ಹೊರಡುವಾಗ ಅವಳ ಕಾಲು ಮುಟ್ಟಿ, "ಹಾಡ್ತೀನಿ" ಎಂದೆ. ಅವಳು ಕಣ್ಣು ತೆರೆಯದೆ, "ಸ್ವರ ಎತ್ತಿ ಹಿಡಿ, ನೀ ಎಲ್ಲಾನೂ ಇಳಿಸಿ ಹಾಡ್ತೀದಿ" ಎಂದಳು. ಅರ್ಜಿ ಅವಳ ದಿಂಬಿನ ಕೆಳಗೇ ಉಳಿಯಿತು.

ಸೋಮವಾರ ಮಂಡಳಿಯವರಿಗೆ ಅರ್ಜಿ ವಾಪಸು ತೆಗೆದುಕೊಂಡಿದ್ದೇನೆ ಎಂದಷ್ಟೇ ಹೇಳಿ, ಕಾರಣವನ್ನು ಚಂದ್ರಣ್ಣನೊಬ್ಬನಿಗೆ ಮೆಲ್ಲಗೆ ತಿಳಿಸಿದೆ. ಅವನು ತಬಲಾದ ಮೇಲಿನ ಬಟ್ಟೆ ಬಿಚ್ಚುತ್ತಾ, "ನನಗ ಮೊದಲಿಂದ ಗೊತ್ತಿತ್ತು. ರಾಯಚೂರಿನಾಗ ಆ ಸಿನಿಮಾ ಎರಡು ಸಲ ನೋಡೀನಿ" ಎಂದ. ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. "ನೀ ಕಣ್ಣು ಮುಚ್ಚಿ ಹಾಡತಿದ್ದಿ. ಎಬ್ಬಿಸೋದು ಯಾಕ ಅಂತ ಬಿಟ್ಟೆ." ಅರ್ಜಿಗೆ ಸಹಿ ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ, ಬರವಣಿಗೆ ಚಂದ ಇತ್ತು ಎಂದ.

ಈಗಲೂ ಶುಕ್ರವಾರ ಪಟ್ಟಿ ನೋಡುತ್ತೇನೆ. ಅಭಿಪ್ರಾಯಗಳು ಕಡಿಮೆಯಾಗಿಲ್ಲ, ದಿಕ್ಕು ಬದಲಾಗಿದೆ. ಈ ವಾರದ ಮೂರನೇ ನಂಬರಿನದು ಮಂಗಳಾರತಿಗೆ ಒಪ್ಪುತ್ತದೆ. ಹನ್ನೊಂದರದು ವಿಳಂಬದಲ್ಲಿ ಹಾಡಿದರೆ ಒಳ್ಳೆಯ ಭಜನೆಯಾದೀತು, ಪದ ಜೋಡಿಸಬೇಕಷ್ಟೆ. ಆದರೆ ಅದಕ್ಕೆಲ್ಲ ಸದ್ಯ ಪುರುಸೊತ್ತಿಲ್ಲ. ಅಕ್ಕನಿಗೆ ಕೊಟ್ಟ ಮಾತಿನ ಅಭ್ಯಾಸ ನಡೆದಿದೆ. ಕಷ್ಟ ಅಬ್ಬಾಯಿಯದು. ಐವತ್ತು ವರ್ಷದ ರೂಢಿ, ಆ ಜಾಗಕ್ಕೆ ಬಂದ ಕೂಡಲೇ ನಾಲಿಗೆ ತಾನಾಗಿ ಗುರುವೇ ಎಂದುಬಿಡುತ್ತದೆ. ಮತ್ತೆ ಮೊದಲಿಂದ ಎತ್ತಿಕೊಳ್ಳಬೇಕು. ದಿನಾ ಸಂಜೆ ಕೋಣೆಗೆ ಅಗುಳಿ ಹಾಕಿಕೊಂಡು, ಹಾರ್ಮೋನಿಯಂ ಮೆತ್ತಗೆ ಒತ್ತುತ್ತಾ ಕೂರುತ್ತೇನೆ. ನಿನ್ನೆ ನನ್ನಾಕೆ ಹೊರಗಿನಿಂದ, "ಒಳಗ ಅಗಳಿ ಹಾಕ್ಕೊಂಡು ಏನು ಮಾಡಾಕತ್ತೀರಿ?" ಎಂದು ಕೂಗಿದಳು. ಭಜನೆ ಎಂದೆ. ಅಪ್ಪನ ಫೋಟೋ ಈ ಕೋಣೆಯಲ್ಲೂ ಒಂದಿದೆ. ಅದನ್ನು ಮೊದಲೇ ಗೋಡೆಯ ಕಡೆ ತಿರುಗಿಸಿಟ್ಟಿದ್ದೆ.