ಮಸೀದಿ ತಿರುವಿನವರೆಗೆ ಅತ್ತೆಯ ಒತ್ತುವರಿ

ನಮ್ಮೂರಿನ ಬಜಾರು ರಸ್ತೆಯಲ್ಲಿ ಅತಿ ದೊಡ್ಡ ಒತ್ತುವರಿ ಯಾರದ್ದು ಎಂದು ಯಾರಾದರೂ ಕೇಳಿದರೆ, ನಾನು ಎಳ್ಳಷ್ಟೂ ಸಂಕೋಚವಿಲ್ಲದೆ ನಮ್ಮ ಅತ್ತೆಯ ಕಡೆ ಕೈ ತೋರಿಸುತ್ತೇನೆ. ಉಳಿದವರದ್ದೆಲ್ಲ ಏನು ಮಹಾ? ಒಬ್ಬರು ಎರಡು ಮೆಟ್ಟಿಲು ಮುಂದಕ್ಕೆ ಕಟ್ಟಿಕೊಂಡಿದ್ದಾರೆ, ಇನ್ನೊಬ್ಬರು ತಗಡಿನ ಶೀಟು ಇಳಿಬಿಟ್ಟಿದ್ದಾರೆ, ಮತ್ತೊಬ್ಬರು ಈರುಳ್ಳಿ ಮೂಟೆ ಪೇರಿಸಿದ್ದಾರೆ. ನಮ್ಮ ಅತ್ತೆಯಾದರೋ ನಮ್ಮ ಮನೆ ಬಾಗಿಲಿನಿಂದ ಮಸೀದಿ ತಿರುವಿನವರೆಗೆ ಇಡೀ ಫುಟ್‌ಪಾತನ್ನೇ ವಶಪಡಿಸಿಕೊಂಡಿದ್ದಾರೆ. ಅದೂ ಒಂದು ಡಬ್ಬ ರಂಗೋಲಿ ಪುಡಿಯಲ್ಲಿ!

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಇರುವ ಹೋಬಳಿ ಊರು ನಮ್ಮದು. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ರಸ್ತೆಗೆ ಮುಖಮಾಡಿದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಮಿಕ್ಕಿದ್ದೆಲ್ಲ ಅತ್ತೆಯ ಸಾಮ್ರಾಜ್ಯ.

ಮಸೀದಿ ತಿರುವಿನಲ್ಲಿ ಜುಬೇದಾ ಅವರ ಮನೆ. ರೇಷ್ಮೆ ನೂಲು ತೆಗೆಯುವ ಮನೆತನ. ಅತ್ತೆಗೂ ಅವರಿಗೂ ಒಂದನೇ ಕ್ಲಾಸಿನಿಂದ ಗೆಳೆತನ. ದಿನಾ ಮಧ್ಯಾಹ್ನ ಮೂರಕ್ಕೆ ಜುಬೇದಾ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಊರವರ ಜಾತಕವನ್ನೆಲ್ಲ ಜಾಲಾಡಿ ಹೋಗುವುದು ನಾನು ಹುಟ್ಟುವ ಮೊದಲಿನಿಂದ ನಡೆದುಬಂದ ಪದ್ಧತಿ. ಹೋದ ವರ್ಷ ಫುಟ್‌ಪಾತಿನ ಮೇಲೆ ನಿಂತಿದ್ದ ಯಾವುದೋ ಬೈಕಿನ ಸ್ಟ್ಯಾಂಡಿಗೆ ಕಾಲು ತಗುಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಮಾತ್ರ ಬರಲಿಲ್ಲ. ಅಲ್ಲಿಂದಾಚೆಗೆ ಅವರು ಹೊಸ್ತಿಲು ದಾಟಿರಲಿಲ್ಲ.

"ನೀವೇ ದಿನಾ ಅವರ ಮನೆಗೆ ಹೋಗ್ತೀರಲ್ಲ ಅತ್ತೆ, ಸಾಲ್ದಾ?" ಎಂದು ಕೇಳಿದ್ದೆ.

"ಅಲ್ಲಿ ಏನ್ ಮಾತಾಡ್ತಾಳೋ ಅವಳು! ಸೊಸೆ ಎದುರಿಗೆ ಕೂತ್ಕೊಂಡು ಸೊಸೆ ವಿಷ್ಯ ಹೇಳಕ್ಕಾಗುತ್ತಾ? ಇಲ್ಲಿಗೆ ಬಂದ್ರೇನೇ ಅವಳ ಹೊಟ್ಟೆಯೊಳಗಿಂದು ಈಚೆಗೆ ಬರೋದು. ವರ್ಷದಿಂದ ಎಲ್ಲಾ ಒಳಗೇ ಇಟ್ಕೊಂಡು ಸೊರಗಿ ಹೋಗಿದಾಳೆ ಕಣೋ."

ಹೀಗಾಗಿ ಅತ್ತೆ ನನ್ನ ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂತು, ಫುಟ್‌ಪಾತು ಬಿಡಿಸಿಕೊಡಿ ಎಂದು ಪಂಚಾಯಿತಿಗೆ ಅರ್ಜಿ ಬರೆಸಿದರು. ಅಗಲ ಎಷ್ಟಡಿ ಎಂದು ಹಾಕಲಿ ಎಂದೆ.

"ಅಡಿಗಿಡಿ ನಂಗೊತ್ತಿಲ್ಲ. ಇಬ್ರು ಹೆಂಗಸ್ರು ಕೈ ಹಿಡ್ಕೊಂಡು ನಡೆಯೋ ಅಷ್ಟು ಅಂತ ಬರಿ."

"ಯಾವ ಹೆಂಗಸ್ರು?"

"ನಾನು, ಜುಬೇದಾ."

"ಹಂಗಾದ್ರೆ ರಸ್ತೆ ಪೂರ್ತಿ ಬೇಕಾಗುತ್ತೆ!" ಎಂದೆ. ಆ ದಿನ ನನಗೆ ಮಧ್ಯಾಹ್ನದ ಕಾಫಿ ಸಿಗಲಿಲ್ಲ.

ಅರ್ಜಿಯ ಪುಣ್ಯವೋ ಏನೋ, ಗ್ರಾಮಸಭೆಯಲ್ಲಿ ಬಜಾರು ರಸ್ತೆಯ ವಿಷಯ ಬಂತು. ಚಿಕ್ಕಬಳ್ಳಾಪುರದಿಂದ ಬಂದಿದ್ದ ಎಳೆ ವಯಸ್ಸಿನ ಇಂಜಿನಿಯರೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ಸಾಲುಮರ, ಕಲ್ಲುಬೆಂಚು, ಕೈಯಲ್ಲಿ ಕಾಫಿ ಲೋಟ ಹಿಡಿದು ನಗುನಗುತ್ತಾ ನಡೆಯುವ ಜನ. ವಾಹನಗಳಿಗೆ ಸಂತೆ ಮೈದಾನದಲ್ಲಿ ಜಾಗವಂತೆ. ಅತ್ತೆ ಎದ್ದು ನಿಂತರು.

"ಚೆನ್ನಾಗೈತಪ್ಪಾ. ಆದ್ರೆ ಇದ್ರಲ್ಲಿ ನಡೀತಿರೋರು ಯಾರು? ನಮ್ಮೂರೋರು ಒಬ್ರೂ ಕಾಣ್ತಿಲ್ವಲ್ಲಾ!"

ಇಂಜಿನಿಯರು ನಕ್ಕ. ಅಂಗಡಿಯವರು ಮಾತ್ರ ನಗಲಿಲ್ಲ. ಬೈಕು ಬಾಗಿಲಿಗೆ ಬರದಿದ್ದರೆ ಗಿರಾಕಿ ಬರುವುದಿಲ್ಲ, ನಾವೆಲ್ಲ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ ಎಂದು ಒಟ್ಟಿಗೆ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ, ಸುಳ್ಳೇಕೆ ಹೇಳಲಿ? ಸಭೆ ಮುಂದಕ್ಕೆ ಹೋಯಿತು.

ಮಾರನೆಯ ದಿನ ಅತ್ತೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ರಸ್ತೆ ಬದಿಯಲ್ಲಿ ಕೂತರು. ಮಡಿಲಲ್ಲಿ ಬಿಡಿಸುವ ಅವರೆಕಾಯಿ, ಕಣ್ಣೆಲ್ಲ ಬೈಕುಗಳ ಮೇಲೆ. ಸಂಜೆ ತನಿಖೆಯ ವರದಿ ಬಂತು: ಫುಟ್‌ಪಾತಿನ ಮೇಲೆ ದಿನವಿಡೀ ಅಲ್ಲಾಡದೆ ನಿಲ್ಲುವ ಗಾಡಿಗಳಲ್ಲಿ ಗಿರಾಕಿಗಳದ್ದು ಒಂದೂ ಇಲ್ಲ, ಎಲ್ಲವೂ ಅಂಗಡಿ ಮಾಲೀಕರದ್ದೇ. "ಮೊದಲ್ನೇದು ಇದೇ ಜೆರಾಕ್ಸ್ ಅಂಗಡಿಯವನ್ದು," ಎಂದು ನನ್ನ ಸ್ಕೂಟರಿನ ಸೀಟಿಗೆ ಪಟ್ ಎಂದು ಹೊಡೆದರು. ನಾನು ಅದನ್ನು ಸಂತೆ ಮೈದಾನಕ್ಕೆ ತಳ್ಳಿಕೊಂಡು ಹೋದೆ.

ಖಾಲಿಯಾದ ಆ ಜಾಗದಲ್ಲಿ ಮರುದಿನ ಬೆಳಗ್ಗೆ ಒಂದು ರಂಗೋಲಿ ಬಿದ್ದಿತ್ತು. ಒಂದು ವಿಷಯ ಗಮನಿಸಿದ್ದೀರಾ? 'ನೋ ಪಾರ್ಕಿಂಗ್' ಬೋರ್ಡಿಗೇ ಬೈಕು ಒರಗಿಸಿ ನಿಲ್ಲಿಸುವ ಗಂಡುಗಲಿಯೂ ರಂಗೋಲಿಯ ಮೇಲೆ ಚಕ್ರ ಹತ್ತಿಸಲಾರ! ಅತ್ತೆಗೆ ಈ ಗುಟ್ಟು ಗೊತ್ತಿತ್ತು. ದಿನಕ್ಕೊಂದು ಅಂಗಡಿಯಂತೆ ಮುಂದುವರಿದರು. ಫುಟ್‌ಪಾತಿನ ರಸ್ತೆ ಕಡೆಯ ಅಂಚಿಗೆ ಸಾಲಾಗಿ ಹೂವು, ಬಳ್ಳಿ, ನವಿಲು. ಯಾರಾದರೂ ಗಾಡಿ ನಿಲ್ಲಿಸಲು ಬಂದರೆ "ಬಂಡಿ ತೀಯಿ ನಾಯನಾ", ಗಾಡಿ ತೆಗೆಯಪ್ಪಾ ಎಂದು ತೆಲುಗಿನಲ್ಲಿ ಬೆಣ್ಣೆ ಹಚ್ಚಿದಂತೆ ಹೇಳುತ್ತಿದ್ದರು. ಪಂಚಾಯಿತಿ ಅಧ್ಯಕ್ಷರು ಒಮ್ಮೆ ಮರೆತು ಒಂದು ಎಸಳು ತುಳಿದರು. "ಅಲ್ಲೇ ನಿಂತ್ಕೊಳಪ್ಪಾ, ಸರಿ ಮಾಡ್ತೀನಿ," ಎಂದರು ಅತ್ತೆ. ಎಸಳು ಮತ್ತೆ ಅರಳುವವರೆಗೆ ಅಧ್ಯಕ್ಷರು ಒಂಟಿಕಾಲಲ್ಲಿ ನಿಂತಿದ್ದನ್ನು ಊರೆಲ್ಲ ನೋಡಿತು.

ಬೈಕುಗಳೇನೋ ಹೋದವು. ಅಂಗಡಿ ಕಡೆಯ ಅಂಚಿನಲ್ಲಿ ಮೂಟೆ, ಶೀಟು, ಗೋಡೆಗೆ ಒರಗಿಸಿದ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಹಾಗೇ ಇದ್ದವು. ಅದಕ್ಕೆ ಅತ್ತೆ ಯಾವ ಉಪಾಯವನ್ನೂ ಹೂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬರೀ ಬಿಳಿ ಚೆನ್ನಾಗಿ ಕಾಣುವುದಿಲ್ಲ ಎಂದು ಒಂದು ಬೆಳಗ್ಗೆ ಆ ಅಂಚಿನುದ್ದಕ್ಕೂ ಕೆಮ್ಮಣ್ಣಿನಲ್ಲಿ ಗೆರೆ ಎಳೆದರು, ಅಷ್ಟೇ. ಅಂಗಡಿ ತೆರೆಯಲು ಬಂದವರು ಕೆಂಪು ಗೆರೆ ನೋಡಿದರು. ರಸ್ತೆ ಅಗಲೀಕರಣ! ಗುರುತು ಹಾಕಿ ಹೋಗಿದ್ದಾರೆ! ನಾಳೆ ಜೆಸಿಬಿ!

ಮಧ್ಯಾಹ್ನದೊಳಗೆ ಶೀಟುಗಳು ಬಿಚ್ಚಿಕೊಂಡವು, ಮೂಟೆಗಳು ಒಳಗೆ ಹೋದವು, ಒಬ್ಬರಂತೂ ತಮ್ಮ ಮೆಟ್ಟಿಲನ್ನು ತಾವೇ ಸುತ್ತಿಗೆ ಹಿಡಿದು ಒಡೆದರು. ಗಲಾಟೆ ಕೇಳಿ ಓಡಿ ಬಂದ ಪಂಚಾಯಿತಿ ಅಧಿಕಾರಿ, ಗೆರೆ ನಮ್ಮದಲ್ಲವಲ್ಲ ಎಂದು ತಲೆ ಕೆರೆದುಕೊಂಡರು. ಆಮೇಲೆ ಅತ್ತೆಯ ಕೈಬೆರಳು ಕೆಂಪಗಿದ್ದುದು ಕಣ್ಣಿಗೆ ಬಿತ್ತು. ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅಮ್ಮಾ, ಎದುರಿನ ಸಾಲಿಗೂ ಒಂದು ಎಳೀತೀರಾ?"

ಮರುದಿನ ಬೆಳಗ್ಗೆ ಅತ್ತೆ ನಮ್ಮ ಬಾಗಿಲಿಗೆ ಹದಿನೈದು ಚುಕ್ಕಿಯ ದೊಡ್ಡ ರಂಗೋಲಿ ಬಿಟ್ಟರು. ಫುಟ್‌ಪಾತಿನ ಅಗಲಕ್ಕೂ ಅದೇ. ಒಳಕ್ಕೆ ಹೋಗಲು ನನ್ನನ್ನೂ ಬಿಡಲಿಲ್ಲ. ಅಂಗಡಿಯ ಬಾಗಿಲಿಂದ ಸುತ್ತಿಕೊಂಡು ಓಡಾಡಿದೆ. ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು ಸೀರೆ ಬದಲಾಯಿಸಿ ಮಸೀದಿ ತಿರುವಿನ ಕಡೆ ಹೊರಟರು.

ನಾನು ಅಂಗಡಿಯಿಂದ ನೋಡುತ್ತಿದ್ದೆ. ಬಹಳ ಹೊತ್ತಾಯಿತು. ಆಮೇಲೆ ಬಂದರು. ಜುಬೇದಾ ಅವರ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಅತ್ತೆಯ ಕೈಯಲ್ಲಿ. ಅರ್ಜಿಯಲ್ಲಿ ಬರೆಸಿದ ಅಗಲ ಸರಿಯಾಗಿಯೇ ಇತ್ತು. ದಾರಿಯಲ್ಲಿ ಒಂದು ಬೈಕೂ ಇರಲಿಲ್ಲ. ಈರುಳ್ಳಿ ಅಂಗಡಿಯವರು ಎದ್ದು ನಿಂತು "ಬನ್ನಿ ಅಮ್ಮಾ" ಎಂದರು.

ನಮ್ಮ ಬಾಗಿಲ ಮುಂದೆ ಜುಬೇದಾ ನಿಂತುಬಿಟ್ಟರು.

"ಅರೇ, ಇಷ್ಟು ಚೆಂದ ಹಾಕಿದೀಯ. ಹೆಂಗೇ ತುಳೀಲಿ? ಕೆಳಗಿಳಿದು ಸುತ್ಕೊಂಡ್ ಬರ್ತೀನಿ ತಡಿ."

"ಮತ್ತೆ ರಸ್ತೆಗಿಳೀತೀಯಾ? ತುಳಿಯೇ. ಬೆಳಗ್ಗೆಯಿಂದ ಯಾರ್ನೂ ಬಿಟ್ಟಿಲ್ಲ. ನಿನಗೇ ಅಂತ ಇಟ್ಟಿದೀನಿ."

ಜುಬೇದಾ ಚಪ್ಪಲಿ ಕಳಚಿದರು. ಬರಿಗಾಲಲ್ಲಿ ರಂಗೋಲಿಯ ಮೇಲೆ ಕಾಲಿಟ್ಟು ನಡೆದು ಒಳಗೆ ಬಂದರು.

ಸಂಜೆ ನಾನು ಜುಬೇದಾ ಅವರನ್ನು ಮನೆಗೆ ಬಿಟ್ಟು ಬಂದ ಮೇಲೆ ನೋಡಿದೆ. ಕೆಂಪು ಗಾರೆ ನೆಲದ ಮೇಲೆ ಬಾಗಿಲಿನಿಂದ ಕುರ್ಚಿಯವರೆಗೆ ಬಿಳಿ ಹೆಜ್ಜೆಗಳು, ಪಕ್ಕದಲ್ಲಿ ಕೋಲಿನ ಚುಕ್ಕಿಗಳು. ಒಂದು ತೊಟ್ಟು ಕಾಫಿ ಚೆಲ್ಲಿದರೂ ಒರೆಸುವ ಬಟ್ಟೆ ಹಿಡಿದು ಬರುವ ಅತ್ತೆ ಅಲ್ಲೇ ಗೋಡೆಗೊರಗಿ ಕೂತಿದ್ದರು.

"ಒರೆಸ್ಲಾ ಅತ್ತೆ?" ಎಂದೆ.

"ಇರ್ಲಿ ಬಿಡೋ," ಎಂದರು. "ವರ್ಷ ಆಯ್ತು."