ಗೋಲು ಹೊಡೆದವರಿಗೂ ಆದರದ ಸ್ವಾಗತ

ಕೆಲವರ ಕೈಗೆ ಮೈಕ್ ಕೊಟ್ಟರೆ ಏನೂ ಆಗುವುದಿಲ್ಲ. ನಾಲ್ಕು ಮಾತಾಡಿ, ನಮಸ್ಕಾರ ಹೇಳಿ, ವಾಪಸ್ ಕೊಡುತ್ತಾರೆ. ನನ್ನ ಕೈಗೆ ಕೊಟ್ಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸಂಧಿ ಸಮಾಸ ಕಲಿಸಿಕೊಂಡು ತಣ್ಣಗಿದ್ದವಳು ಈಗ ನಾಲ್ಕು ವರ್ಷದಿಂದ ಲೋಕಲ್ ಟಿವಿಯಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುತ್ತಿದ್ದೇನೆ. ಇದು ಹೇಗೆ ಸಾಧ್ಯವಾಯಿತು ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಏನೇನು ನಡೆಯಿತು ಅಂತ ಮಾತ್ರ ಹೇಳಬಲ್ಲೆ.

೧. ಇಬ್ಬರು ಸೇರಿ ಒಬ್ಬರು

ನಮ್ಮೂರ ಕೇಬಲ್ ಚಾನೆಲ್ಲಿನ ಮಾಲೀಕರು ಒಂದು ಭಾನುವಾರ ಬೆಳಿಗ್ಗೆ ಓಡೋಡಿ ಮನೆಗೆ ಬಂದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ಐದೂರಿನ ತಂಡಗಳ ಫುಟ್‌ಬಾಲ್ ಪಂದ್ಯಾವಳಿ. ಅದನ್ನು ಅವರು ನೇರಪ್ರಸಾರ ಮಾಡುವವರಿದ್ದರು. ಕಾಮೆಂಟರಿ ಹೇಳಬೇಕಾದವನ ಗಂಟಲು ಅವತ್ತೇ ಕಟ್ಟಿತ್ತು.

"ಮೇಡಂ, ಮಧ್ಯಾಹ್ನ ಮೂರಕ್ಕ ಮ್ಯಾಚ್ ಐತಿ. ನೀವು ಬರಬೇಕ್ರಿ."

"ನನಗ ಫುಟ್‌ಬಾಲ್ ಒಂದಕ್ಷರ ಗೊತ್ತಿಲ್ರಿ."

"ಗೊತ್ತಿರೋರು ಅದಾರ. ನಮ್ಮ ಗ್ಯಾರೇಜ್ ಮಿಸ್ತ್ರಿ. ಅವ್ರಿಗೆ ಆಟ ಪೂರ್ತಿ ಗೊತ್ತೈತಿ, ಮೈಕ್ ಕಂಡ್ರ ಬಾಯಿ ಏಳಂಗಿಲ್ಲ. ನಿಮಗ ಬಾಯಿ ಐತಿ, ಆಟ ಇಲ್ಲ. ಇಬ್ರೂ ಸೇರಿದ್ರ ಒಬ್ಬ ಪೂರ್ತಿ ಮನುಷ್ಯ ಆಗ್ತೀರಿ."

ಇದು ಹೊಗಳಿಕೆಯೋ ಬೈಗುಳವೋ ಅಂತ ನಾನು ಯೋಚಿಸುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಮಿಸ್ತ್ರಿ ಅಂದರೆ ಬಸ್ ನಿಲ್ದಾಣದ ಹಿಂದೆ ಬೈಕ್ ರಿಪೇರಿ ಮಾಡುವವರು. ಐವತ್ತು ದಾಟಿದೆ, ಮಾತು ಕಡಿಮೆ. ಪರದೇಶದ ಮ್ಯಾಚುಗಳನ್ನೆಲ್ಲ ನೋಡಿ ನೋಡಿ ಯಾವ ಆಟಗಾರನ ಯಾವ ಮೊಣಕಾಲು ನೋಯುತ್ತದೆ ಅಂತಲೂ ಬಲ್ಲರು. ಅವರ ಪಕ್ಕದಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ನನಗೆ ಬರುವುದನ್ನೇ ನಾನು ಶುರು ಮಾಡಿದೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಮಾಡುವ ಹಾಗೆ ಸಮಿತಿಯ ಅಧ್ಯಕ್ಷರಿಗೆ ಸ್ವಾಗತ, ಉಪಾಧ್ಯಕ್ಷರಿಗೆ ಸ್ವಾಗತ, ಶಾಮಿಯಾನ ಕೊಟ್ಟವರಿಗೆ, ನೀರಿನ ಟ್ಯಾಂಕರ್ ಕೊಟ್ಟವರಿಗೆ, ಮೈದಾನಕ್ಕೆ ಸುಣ್ಣದ ಗೆರೆ ಎಳೆದವರಿಗೆ ಸ್ವಾಗತ. ಅಷ್ಟರಲ್ಲಿ ಮೈದಾನದಲ್ಲಿ ಏನೋ ಗದ್ದಲವಾಯಿತು. ಮಿಸ್ತ್ರಿ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು, "ಟೀಚರಮ್ಮ, ಗೋಲ್ ಆತು."

ನಾನು ತಡವರಿಸಲಿಲ್ಲ. "ಗೋಲು ಹೊಡೆದ ಆಟಗಾರರಿಗೂ ಆದರದ ಸ್ವಾಗತ" ಅಂದೆ.

೨. ಮೂಲೆ ಒದೆತ

ಕನ್ನಡ ಟೀಚರ್ ಅಂದ ಮೇಲೆ ಆಟವನ್ನೂ ಕನ್ನಡದಲ್ಲೇ ಹೇಳಬೇಕು ಅಂತ ನನಗೊಂದು ಹಟ ಬಂತು. ಕಾರ್ನರ್ ಕಿಕ್ಕಿಗೆ 'ಮೂಲೆ ಒದೆತ' ಅಂತಲೂ, ಪೆನಾಲ್ಟಿಗೆ 'ದಂಡದ ಒದೆತ' ಅಂತಲೂ ಹೆಸರಿಟ್ಟೆ. ಒಂದು ಮ್ಯಾಚು ಪೂರ್ತಿ ಹೀಗೇ ನಡೆಯಿತು. ಮುಗಿದ ಮೇಲೆ ಮಿಸ್ತ್ರಿ ಬಹಳ ಸಂಕೋಚದಿಂದ ಹೇಳಿದರು.

"ಟೀಚರಮ್ಮ, ಕಾರ್ನರ್ ಅಂದ್ಬಿಡ್ರಿ. ನಮ್ಮ ಮನ್ಯಾಕಿ ಅಡಗಿಮನ್ಯಾಗ ಕುಂತು ಬರೀ ಧ್ವನಿ ಕೇಳ್ಯಾಳ. 'ಮೂಲೀಗೆ ಒದ್ರು, ದಂಡ ಹಾಕಿ ಒದ್ರು' ಅಂತ ಒಂದೂವರೆ ತಾಸು ಕೇಳಿ, 'ನೀವು ಆಟಕ್ಕ ಹೋಗಿದ್ರೋ, ಪೊಲೀಸ್ ಸ್ಟೇಷನ್ನಿಗೆ ಹೋಗಿದ್ರೋ' ಅಂತ ಕೇಳ್ತಾಳ."

೩. ಸುಮ್ಮನಿರುವ ಕಲೆ

ಕಾಮೆಂಟರಿ ಕಲಿಯಬೇಕಾದರೆ ದೊಡ್ಡವರದನ್ನು ಕೇಳಬೇಕು ಅಂತ ಮಿಸ್ತ್ರಿ ಒಂದು ಸಂಜೆ ಗ್ಯಾರೇಜಿನಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮೊಬೈಲಿನಲ್ಲಿ ಒಂದು ಪರದೇಶದ ಮ್ಯಾಚ್ ಹಾಕಿದರು. ಇಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಡುನಡುವೆ ಇಬ್ಬರೂ ಗಪ್ಪಾಗುತ್ತಿದ್ದರು. ಬರೀ ಜನರ ಗದ್ದಲ ಕೇಳುತ್ತಿತ್ತು.

"ಇವ್ರು ಯಾಕ ಸುಮ್ನ ಅದಾರ? ಮರೆತ್ರೇನು?"

"ಇಲ್ರಿ. ಆಟ ನೋಡಾಕ ಬಿಟ್ಟಾರ. ಯಾವಾಗ ಸುಮ್ನಿರಬೇಕು ಅಂತ ತಿಳಕೊಂಡವನೇ ದೊಡ್ಡ ಕಾಮೆಂಟೇಟರ್."

ಆ ಮಾತು ನನ್ನ ಎದೆಗೆ ನಾಟಿತು. ಮುಂದಿನ ಪಂದ್ಯದಲ್ಲಿ ಆಟ ಕಾವೇರಿದ ಹೊತ್ತಿಗೆ ನಾನು ಮಿಸ್ತ್ರಿಗೆ ಕಣ್ಣುಸನ್ನೆ ಮಾಡಿ ಬಾಯಿ ಮುಚ್ಚಿದೆ. ಒಂದು ನಿಮಿಷ. ಎರಡು ನಿಮಿಷ. ಎಂಥಾ ಘನತೆ ಅನಿಸುತ್ತಿತ್ತು! ಮೂರನೇ ನಿಮಿಷಕ್ಕೆ ಮಾಲೀಕರು ಎರಡು ಕಿವಿಗೂ ಎರಡು ಫೋನ್ ಹಿಡಿದು ಏದುಸಿರು ಬಿಡುತ್ತ ಬಂದರು.

"ಮೇಡಂ, ಏನಾರ ಅನ್ರಿ! ಸೌಂಡ್ ಹೋಗೇತಿ ಅಂತ ಐದೂ ಊರಿಂದ ಫೋನ್ ಬರಾಕ ಹತ್ಯಾವು. ಕೂಡ್ಲಿಗ್ಯಾಗ ಜನ ಟಿವಿ ತಲಿಗೆ ಬಡಿಯಾಕ ಹತ್ಯಾರ. ನಮ್ಮ ಕೇಬಲ್ ಲೈನ್‌ಮನ್ ಅಲ್ಲೇ ಕಂಬ ಹತ್ಯಾನ. ನೀವು ಮಾತಾಡೋ ತನಕ ಅವ ಕೆಳಗ ಇಳಿಯಂಗಿಲ್ಲ!"

ನಾನು ತಕ್ಷಣ ಮೈಕಿನಲ್ಲಿ ಹೇಳಿದೆ: "ಕೂಡ್ಲಿಗಿಯ ಕಂಬದ ಮೇಲಿರುವವರು ದಯವಿಟ್ಟು ಇಳಿಯಬೇಕು."

ಆಮೇಲೆ ಗೊತ್ತಾಯಿತು, ಪಾಪ, ಕೂಡ್ಲಿಗಿಯಲ್ಲಿ ಆ ಹೊತ್ತಿಗೆ ಬೇರೊಂದು ಕಂಬದ ಮೇಲೆ ಕರೆಂಟಿನವರೂ ಇದ್ದರಂತೆ. ಪಕ್ಕದ ಓಣಿಯ ಟಿವಿಯಲ್ಲಿ ನನ್ನ ಮಾತು ಕೇಳಿ ಅವರೂ ಇಳಿದಿದ್ದಾರೆ. ಆ ಓಣಿಗೆ ಮರುದಿನದ ತನಕ ಕರೆಂಟು ಬರಲಿಲ್ಲ.

೪. ತಿರುವಿ ಹಾಕ್ಕೊಳ್ರಿ

ಕೂಡ್ಲಿಗಿ ಮತ್ತು ಹರಪನಹಳ್ಳಿ ತಂಡಗಳ ಪಂದ್ಯ. ಎರಡೂ ತಂಡಕ್ಕೆ ಅಂಗಿ ಕೊಡಿಸಿದವರು ಒಬ್ಬರೇ. ಹಾಗಾಗಿ ಎರಡೂ ತಂಡದ್ದು ಹಳದಿ ಅಂಗಿ. ಒಂದರದ್ದು ನಿಂಬೆಹಣ್ಣಿನ ಹಳದಿ, ಇನ್ನೊಂದರದ್ದು ಅರಿಶಿನದ ಹಳದಿ. ಮಧ್ಯಾಹ್ನದ ಬಿಸಿಲಲ್ಲಿ ಎರಡೂ ಒಂದೇ. ನಾನು ಒಂದು ಉಪಾಯ ಮಾಡಿಕೊಂಡೆ. ಬೇವಿನ ಮರದ ಕಡೆ ಓಡುವವರು ಕೂಡ್ಲಿಗಿಯವರು, ಶಾಲೆಯ ಕಾಂಪೌಂಡಿನ ಕಡೆ ಓಡುವವರು ಹರಪನಹಳ್ಳಿಯವರು. ಮೊದಲರ್ಧ ಒಂದೂ ತಪ್ಪಿಲ್ಲದೆ ಮುಗಿಯಿತು.

ವಿರಾಮದಲ್ಲಿ ಮಿಸ್ತ್ರಿ ಎದ್ದರು. "ನಮಾಜ್ ಮುಗಿಸಿ ಬರ್ತೀನ್ರಿ, ಟೀಚರಮ್ಮ. ಚೂರು ತಡ ಆದ್ರ ನೀವ ನಡಸ್ರಿ."

ನಡೆಸಿದೆ. ವಿರಾಮದ ಮೇಲೆ ತಂಡಗಳು ದಿಕ್ಕು ಬದಲಾಯಿಸುತ್ತವೆ ಅಂತ ನನಗೆ ಯಾರು ಹೇಳಿದ್ದರು? ಬೇವಿನ ಮರದ ಕಡೆ ಒಂದು ಗೋಲು ಬಿತ್ತು. "ಕೂಡ್ಲಿಗಿ! ಕೂಡ್ಲಿಗಿಯ ಗೋಲು!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಇನ್ನೊಂದು ಬಿತ್ತು. ಇನ್ನೂ ಜೋರಾಗಿ ಕೂಗಿದೆ. ಮೈದಾನದಲ್ಲಿ ಹರಪನಹಳ್ಳಿಯವರು ಕುಣಿಯುತ್ತಿದ್ದರು. "ಸೋತರೂ ಎದುರಾಳಿಯ ಸಂತೋಷದಲ್ಲಿ ಭಾಗಿಯಾಗುವ ಈ ಕ್ರೀಡಾ ಮನೋಭಾವ ನೋಡಿ!" ಅಂತ ಕಣ್ಣು ತುಂಬಿಕೊಂಡು ಹೇಳಿದೆ. ಕೂಡ್ಲಿಗಿಯಲ್ಲಿ ಟಿವಿ ಮುಂದಿದ್ದವರು ಪಟಾಕಿ ಹಚ್ಚಿದರು.

ಕಾಲು ಗಂಟೆ ಬಿಟ್ಟು ಮಿಸ್ತ್ರಿ ಬಂದರು. ಮೈದಾನ ನೋಡಿದರು, ನನ್ನ ಮಾತು ಕೇಳಿದರು. ಮೈಕ್ ಕಂಡರೆ ಬಾಯಿ ಏಳದ ಮನುಷ್ಯ ಅವತ್ತು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಮೊದಲ ಸಲ ಮಾತಾಡಿದರು.

"ನೋಡ್ರೆಪ್ಪಾ, ಮನ್ಯಾಗಿರೋರು ಕೇಳ್ರಿ. ಈಗ ಕಾಲು ತಾಸಿನಿಂದ ನೀವು ಕೇಳಿದ್ದೆಲ್ಲಾ ರೊಟ್ಟಿ ತಿರುವಿದಂಗ ತಿರುವಿ ಹಾಕ್ಕೊಳ್ರಿ. ಪಟಾಕಿ ಉಳಿದಿದ್ರ ಹರಪನಹಳ್ಳಿಗೆ ಕಳಸ್ರಿ."

೫. ಆಫ್‌ಸೈಡ್ ಹೋಳಿಗೆ

ಆಫ್‌ಸೈಡ್ ಅನ್ನುವುದು ನನಗೆ ಅರ್ಥವಾಗಲು ಆರು ಪಂದ್ಯ ಹಿಡಿಯಿತು. ಕೊನೆಗೆ ಮಿಸ್ತ್ರಿ ಊಟದ ಪಂಕ್ತಿಗೆ ಹೋಲಿಸಿ ಬಿಡಿಸಿ ಹೇಳಿದರು.

"ಬಡಿಸೋರು ಇನ್ನೂ ಹಿಂದಿನ ಸಾಲಿನ್ಯಾಗ ಅದಾರ ಅಂತ ತಿಳ್ಕೊಳ್ರಿ. ನೀವು ಎಲ್ಲಾರ್ನೂ ದಾಟಿ ಮುಂದಿನ ಖಾಲಿ ಸಾಲಿನ್ಯಾಗ ಎಲಿ ಹಾಕ್ಕೊಂಡು ಒಬ್ರ ಕುಂತೀರಿ. ಅಲ್ಲಿಂದ ಹೋಳಿಗಿ ನಿಮ್ಮ ಎಲಿಗೆ ಎಸದ್ರು. ಆ ಹೋಳಿಗಿ ನಡಿಯಂಗಿಲ್ಲ. ಅದು ಆಫ್‌ಸೈಡ್."

ನಾನು ಇದನ್ನೇ ಪ್ರಸಾರದಲ್ಲಿ ಹೇಳಿದೆ. ಐದೂ ಊರಿನ ಹೆಂಗಸರಿಗೆ ಒಂದೇ ದಿನದಲ್ಲಿ ಆಫ್‌ಸೈಡ್ ತಿಳಿಯಿತು.

ಮುಂದಿನ ವಾರ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಗೃಹಪ್ರವೇಶ. ನಮ್ಮ ಪಂದ್ಯಗಳ ರೆಫರಿ, ನಮ್ಮ ಶಾಲೆಯ ಪಿ.ಟಿ. ಮಾಸ್ತರರು, ಬಸ್ಸಿಗೆ ಹೊತ್ತಾಗುತ್ತದೆ ಅಂತ ಇನ್ನೂ ಶುರುವಾಗದ ಪಂಕ್ತಿಯಲ್ಲಿ ಒಬ್ಬರೇ ಹೋಗಿ ಎಲೆಯ ಮುಂದೆ ಕೂತಿದ್ದರು. ಹೋಳಿಗೆ ಬುಟ್ಟಿ ಹಿಡಿದು ಬಂದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏಳ್ರಿ ಮಾಸ್ತರ, ನೀವು ಆಫ್‌ಸೈಡ್ ಅದೀರಿ."

ಮಾಸ್ತರರು ನಿಯಮ ಅರೆದು ಕುಡಿದವರು. "ಅವ್ವಾ, ಸುಮ್ನ ಕುಂತ್ರ ತಪ್ಪಿಲ್ಲ. ಹೋಳಿಗಿ ನನ್ನ ಎಲಿಗೆ ಬಿದ್ದಾಗ ಮಾತ್ರ ಆಫ್‌ಸೈಡ್" ಅಂದರು.

"ಹಂಗಾದ್ರ ಚಿಂತಿ ಇಲ್ಲ ಬಿಡ್ರಿ, ಬೀಳಂಗಿಲ್ಲ" ಅಂತ ಅಜ್ಜಿ ಬುಟ್ಟಿ ಹೊತ್ತು ಹಿಂದಿನ ಸಾಲಿಗೆ ಹೋದಳು.

೬. ತೆಲಿಗಿ ಬಸ್

ಹರಪನಹಳ್ಳಿಯಲ್ಲಿ ಸೆಮಿಫೈನಲ್, ಹರಪನಹಳ್ಳಿಗೂ ಹಡಗಲಿಗೂ. ಅವತ್ತು ಮಾಲೀಕರು ನಮ್ಮ ಕಾಮೆಂಟರಿಯನ್ನು ಮೈದಾನದ ಧ್ವನಿವರ್ಧಕಕ್ಕೂ ಜೋಡಿಸಿದ್ದರು. ಆಟದ ನಡುವೆ ಓದಲು ಚೀಟಿಗಳು ಬರುತ್ತಿದ್ದವು: ಬೋರ್‌ವೆಲ್ ಅಂಗಡಿಯ ಜಾಹೀರಾತು, ಬೀಜದ ಅಂಗಡಿಯ ಜಾಹೀರಾತು, ಯಾರದೋ ಕಳೆದುಹೋದ ಎಮ್ಮೆ. ಆಟ ಸಮಸಮ ಇತ್ತು, ಐದೇ ನಿಮಿಷ ಬಾಕಿ. ಹಡಗಲಿಯವರು ಚೆಂಡು ತೆಗೆದುಕೊಂಡು ನುಗ್ಗುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಚೀಟಿ ಬಂತು. ನಾನು ಅಭ್ಯಾಸಬಲದಿಂದ ಸ್ಪಷ್ಟ ಉಚ್ಚಾರದಲ್ಲಿ ಓದಿದೆ:

"ತೆಲಿಗಿ ಕಡೆಗೆ ಹೋಗುವ ಕೊನೆಯ ಬಸ್ಸು ಇದೀಗ ಹೊರಡಲಿದೆ."

ಹರಪನಹಳ್ಳಿ ತಂಡದ ಗೋಲ್‌ಕೀಪರ್ ತೆಲಿಗಿಯವನು. ಅವನ ಮುಂದಿದ್ದ ಇಬ್ಬರು ಡಿಫೆಂಡರುಗಳೂ ತೆಲಿಗಿಯವರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣ ಗೆರೆ ದಾಟಿ, ಚೀಲ ಎತ್ತಿಕೊಂಡು, ಬೂಟು ಹಾಕಿಕೊಂಡೇ ಬಸ್ ನಿಲ್ದಾಣದ ಕಡೆ ಓಟ ಕಿತ್ತರು. ಹಡಗಲಿಯವರು ಖಾಲಿ ಗೋಲಿನ ಮುಂದೆ ಬಂದು, ಇದರಲ್ಲಿ ಏನೋ ಮೋಸ ಇದೆ ಅಂತ ಒಂದು ಗಳಿಗೆ ನಿಂತು, ಆಮೇಲೆ ನಿಧಾನಕ್ಕೆ ಚೆಂಡನ್ನು ಒಳಗೆ ತಳ್ಳಿದರು.

"ಚೆಂಡಿಗೆ ಇಷ್ಟು ಓಡಿದ್ರ ಕಪ್ ಇವ್ರದ ಇತ್ತು" ಅಂದರು ಮಿಸ್ತ್ರಿ.

ಪಂದ್ಯ ಮುಗಿಯುವ ಸೀಟಿ ಊದುವ ಹೊತ್ತಿಗೆ ಮೂವರೂ ನಾಲಿಗೆ ಹೊರಹಾಕಿಕೊಂಡು ವಾಪಸ್ ಬಂದರು. ಬಸ್ಸು ನಿಲ್ದಾಣದಲ್ಲೇ ನಿಂತಿದೆ, ಆದರೆ ಒಳಗೆ ಯಾರೂ ಇಲ್ಲ ಅಂತ ಅವರ ದೂರು. ಆಗ ನಮ್ಮ ಶಾಮಿಯಾನದ ಮೊದಲ ಸಾಲಿನಿಂದ ಖಾಕಿ ಅಂಗಿಯವರೊಬ್ಬರು ಎದ್ದು ಬಂದು, ನನ್ನ ಕಡೆ ಬೆರಳು ತೋರಿಸಿ ಹೇಳಿದರು:

"ಅವ್ರು ಹೊರಡ್ತತಿ ಅಂದ್ರ ಹೊರಡ್ತತೇನ್ರೋ? ಡ್ರೈವರ್ ನಾನು ಇಲ್ಲಿ ಮ್ಯಾಚ್ ನೋಡ್ಕೊಂಡ್ ಕುಂತೀನಲ್ಲ!"

೭. ಎರಡನೇ ಸಲದ ಗೋಲು

ಇಷ್ಟು ಹೊತ್ತು ಕ್ಯಾಮೆರಾದವನ ಬಗ್ಗೆ ಹೇಳಲೇ ಇಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಅದರ ಹಿಂದೆ ಇದ್ದವನು ಹಡಗಲಿಯ ಸುತ್ತಮುತ್ತ ಮದುವೆಯ ವಿಡಿಯೋ ತೆಗೆಯುವವನು.

ಫೈನಲ್ ಹಡಗಲಿಯಲ್ಲೇ ನಡೆಯಿತು. ಹಡಗಲಿ ಒಂದು ಕಡೆ, ಹಗರಿಬೊಮ್ಮನಹಳ್ಳಿ ಇನ್ನೊಂದು ಕಡೆ. ಮೊದಲರ್ಧದಲ್ಲಿ ಹಗರಿಬೊಮ್ಮನಹಳ್ಳಿಯ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ಸೊಂಯ್ ಅಂತ ಹೋಗಿ ಗೋಲಿನ ಮೂಲೆ ಸೇರಿತು. ನಾನು ಕೂಗಿದೆ, ಮಿಸ್ತ್ರಿಯೂ ಕೂಗಿದರು. ಟಿವಿಯಲ್ಲಿ ಮಾತ್ರ ಆ ಹೊತ್ತಿಗೆ ಶಾಮಿಯಾನದಲ್ಲಿ ಅತಿಥಿಗಳಿಗೆ ಮಲ್ಲಿಗೆ ಹಾರ ಹಾಕುವುದು ಬರುತ್ತಿತ್ತು.

"ಗೋಲ್ ತಗದಿಲ್ಲೇನಲೇ?" ಅಂತ ಮಾಲೀಕರು ತಲೆ ಚಚ್ಚಿಕೊಂಡರು.

"ಅರ್ಜೆಂಟ್ ಮಾಡಬ್ಯಾಡ್ರಿ. ಇಂಟರ್ವಲ್‌ನ್ಯಾಗ ಇನ್ನೊಮ್ಮೆ ಹೊಡಸೋಣ" ಅಂದ ಕ್ಯಾಮೆರಾದವನು.

ವಿರಾಮದಲ್ಲಿ ಅವನು ಹೊಡೆದವನನ್ನು ಅದೇ ಜಾಗದಲ್ಲಿ ನಿಲ್ಲಿಸಿದ. ಹಡಗಲಿಯ ಗೋಲ್‌ಕೀಪರನನ್ನು ಕೈಮುಗಿದು ಕರೆದು ತಂದ. ಕೀಪರ್ ಹೂವಿನ ವ್ಯಾಪಾರಿ, ಸಾಧು ಮನುಷ್ಯ. "ಅಣ್ಣಾ, ಚೆಂಡು ಎಡಕ್ಕ ಬರ್ತೈತಿ, ನೀನು ಬಲಕ್ಕ ಬೀಳು. ಅಷ್ಟ ಸಾಕು" ಅಂದ. "ಆಗಲೇಳು" ಅಂದ ಕೀಪರ್. ಚೆಂಡು ಎಡಕ್ಕೆ ಬಂತು. ಕೀಪರನ ಮನಸ್ಸು ಬಲಕ್ಕೆ ಬೀಳಬೇಕು ಅಂದಿತಂತೆ, ಆದರೆ ಮೈ ಕೇಳಲಿಲ್ಲ. ಚಿರತೆಯ ಹಾಗೆ ಎಡಕ್ಕೆ ಹಾರಿ ಚೆಂಡನ್ನು ಎದೆಗೆ ಅವಚಿಕೊಂಡು ಬಿದ್ದ. ಜೀವಮಾನದಲ್ಲಿ ಅಂಥ ಚೆಂಡು ಅವನು ಹಿಡಿದಿರಲಿಲ್ಲ. ಮತ್ತೊಮ್ಮೆ ಒದೆಸಿದರೆ ಮತ್ತೊಮ್ಮೆ ಹಿಡಿದ. ಎರಡೂ ಟಿವಿಯಲ್ಲಿ ಬಂದವು, ಅಲ್ಲಿಂದ ಜನರ ಮೊಬೈಲುಗಳಿಗೂ ಹೋದವು. ಅಷ್ಟರಲ್ಲಿ ವಿರಾಮ ಮುಗಿಯಿತು.

ಎರಡನೇ ಅರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹಗರಿಬೊಮ್ಮನಹಳ್ಳಿ ಗೆದ್ದಿತು. ಕಪ್ ಕೊಡುವ ಹೊತ್ತಿಗೆ ಹಡಗಲಿಯ ಕ್ಯಾಪ್ಟನ್ ಮೊಬೈಲ್ ಎತ್ತಿ ಹಿಡಿದುಕೊಂಡು ವೇದಿಕೆಗೆ ಬಂದ.

"ಗೋಲ್ ಎಲ್ಲಿ ಐತ್ರಿ? ವಿಡಿಯೋದಾಗ ನಮ್ಮ ಕೀಪರ್ ಹಿಡದಾನ. ಒಮ್ಮೆ ಅಲ್ಲ, ಎರಡು ಸಲ!"

"ನಾನು ಕಣ್ಣಾರೆ ನೋಡೀನೋ" ಅಂದರು ರೆಫರಿ ಮಾಸ್ತರರು.

"ಪರದೇಶದಾಗ ವಿಡಿಯೋ ನೋಡೇ ತೀರ್ಪು ಕೊಡ್ತಾರ ಅಂತ ಈ ಟೀಚರಮ್ಮನೇ ಟಿವ್ಯಾಗ ಹೇಳ್ಯಾರ!"

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಿದ್ದು ನಿಜವೇ. ಆ ಕಡೆಯವರು ಕಪ್ಪಿನ ಒಂದು ಹಿಡಿ ಹಿಡಿದರು, ಈ ಕಡೆಯವರು ಇನ್ನೊಂದು ಹಿಡಿ. ಟವಲ್ಲುಗಳು ಹೆಗಲಿನಿಂದ ಸೊಂಟಕ್ಕೆ ಇಳಿದವು. ಎರಡೂ ಊರಿನವರು ಹೊಡೆದಾಡಿದರೆ ಮುಂದಿನ ವರ್ಷದ ಪಂದ್ಯಾವಳಿಯೇ ಇಲ್ಲ.

ಆಗ ಕ್ಯಾಮೆರಾದವನು ಸ್ಟ್ಯಾಂಡಿನ ಹಿಂದಿನಿಂದ ಸಾವಕಾಶ ಬಂದ.

"ಕ್ಯಾಪ್ಟನ್ನಾ, ಹೋದ ವರ್ಷ ನಿನ್ನ ಮದುವಿ ವಿಡಿಯೋ ತಗದದ್ದು ಯಾರು?"

"ನೀನ."

"ತಾಳಿ ಕಟ್ಟೋ ಹೊತ್ತಿಗೆ ನಿಮ್ಮ ಸ್ವಾದರಮಾವ ಕ್ಯಾಮೆರಾಕ್ಕ ಅಡ್ಡ ಬಂದ. ಆಮ್ಯಾಲ ಏನು ಮಾಡಿದ್ವಿ?"

"ಇನ್ನೊಮ್ಮೆ ಕಟ್ಟಿಸಿದಿ."

"ಎರಡನೇ ಸಲ ನಿನ್ನ ಕೈ ನಡುಗಿ ಗಂಟ ಬೀಳಲಿಲ್ಲ. ಅದಕ್ಕಂತ ಮದುವಿ ಕ್ಯಾನ್ಸಲ್ ಆತೇನು?"

ಶಾಮಿಯಾನದ ಮೂರನೇ ಸಾಲಿನಲ್ಲಿ ಕ್ಯಾಪ್ಟನ್ನನ ಹೆಂಡತಿ ಕೂತಿದ್ದಳು. ಜನರೆಲ್ಲ ಅವಳ ಕಡೆ ನೋಡಿದರು. ಅವಳು ಗಂಡನ ಕಡೆ ನೋಡಿದಳು. ಕ್ಯಾಪ್ಟನ್ನನ ಕೈ ತಾನಾಗಿ ಕಪ್ಪಿನ ಹಿಡಿ ಬಿಟ್ಟಿತು.

"ಇಲ್ಲ, ಹಂಗಲ್ಲ..." ಅಂದ ಸಣ್ಣ ದನಿಯಲ್ಲಿ. "ಆದ್ರ ಎರಡರಾಗ ಯಾವುದು ಖರೇ ಅಂತ ತಿಳಿಬೇಕಲ್ಲ?"

"ಮೊದಲನೇದು ಖರೇ, ಎರಡನೇದು ಚಂದ" ಅಂದ ಕ್ಯಾಮೆರಾದವನು.

ಗುಂಪು ಗೊಳ್ಳೆಂದಿತು. ಮಾಸ್ತರರು ತಕ್ಷಣ ಸೀಟಿ ಊದಿ, ಕಪ್ಪನ್ನು ಹಗರಿಬೊಮ್ಮನಹಳ್ಳಿಯವರ ಕೈಗೆ ಕೊಟ್ಟು, ಸ್ಕೋರಿನ ಪುಸ್ತಕ ತೆರೆದು ಬರೆಯಲು ಕೂತರು. ಆಗ ಹೂವಿನ ವ್ಯಾಪಾರಿ ಕೀಪರ್ ಗ್ಲೌಸ್ ಹಾಕಿದ ಕೈಯನ್ನು ಶಾಲೆಯ ಹುಡುಗನ ಹಾಗೆ ಮೇಲೆತ್ತಿದ.

"ಮಾಸ್ತರ, ಗೋಲ್ ಅವ್ರದಂತ ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಳಗ ಒಂದು ಸಾಲು ಸೇರಸ್ರಿ: ಕೀಪರ್ ಹಿಡದದ್ದು ಭಾಳ ಚಂದ ಇತ್ತು."